ಹಳೆ ಸಾಮಾನು, ಹೊಸ ಮನೆ: ಅಳತೆ ಮೊದಲು, ಆಸೆ ಆಮೇಲೆ

ಹಳೆಯ ಬೀಟೆ ಬೀರು ಕೊಂಡವರಲ್ಲಿ ಹೆಚ್ಚಿನವರಿಗೆ ಮೊದಲ ತೊಡಕು ಎದುರಾಗುವುದು ಲಿಫ್ಟ್ ಬಾಗಿಲಲ್ಲಿ. ಅಪಾರ್ಟ್‌ಮೆಂಟ್ ಲಿಫ್ಟ್‌ನ ಬಾಗಿಲು ತೆರೆದಾಗ ಸಿಗುವ ಜಾಗ ಎರಡೂವರೆ ಅಡಿ ಆಸುಪಾಸು. ತೊಟ್ಟಿಮನೆಗೆಂದು ಮಾಡಿಸಿದ ಬೀರು ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಹುಟ್ಟಿದ್ದಲ್ಲ. ಹಾಗಾಗಿ ಗುಜರಿ ಅಂಗಡಿಗೆ ಕಾಲಿಡುವ ಮೊದಲು ಮನೆಯ ಅಳತೆ ಬರೆದುಕೊಳ್ಳಿ: ಮುಂಬಾಗಿಲ ಅಗಲ, ಕೋಣೆಯ ಬಾಗಿಲ ಅಗಲ, ಮೆಟ್ಟಿಲು ತಿರುಗುವಲ್ಲಿ ಇರುವ ಜಾಗ, ಲಿಫ್ಟ್‌ನ ಒಳ ಎತ್ತರ, ಮತ್ತು ವಸ್ತು ಕೂರಬೇಕಾದ ಗೋಡೆಯ ಉದ್ದ. ಸ್ವಿಚ್ ಬೋರ್ಡ್ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ. ಬೀರು ಇಟ್ಟ ಮೇಲೆ ಪ್ಲಗ್ ಹಿಂದೆ ಸಿಕ್ಕಿಕೊಂಡಿತು ಎಂದು ಪೇಚಾಡುವವರು ಕಡಿಮೆಯಿಲ್ಲ.

ಬೀರನ್ನು ಮಲಗಿಸಿ ಒಳಗೆ ತಂದು ನಿಲ್ಲಿಸುವಾಗ ಅದು ಓರೆಯಾಗಿ ಏಳುತ್ತದೆ. 7 ಅಡಿ ಎತ್ತರ, 2 ಅಡಿ ಆಳದ ಬೀರು ಏಳಬೇಕಾದರೆ ಸುಮಾರು 7 ಅಡಿ 4 ಇಂಚು ಎತ್ತರ ಬೇಕು. ಹಾಲ್‌ನಲ್ಲಿ ಇದು ಸಮಸ್ಯೆಯೇ ಅಲ್ಲ. ಅಟ್ಟದ ಕೆಳಗೆ ನಿಲ್ಲಿಸುವ ಯೋಚನೆ ಇದ್ದರೆ ಮಾತ್ರ ಕೆಲಸ ಕೆಡುತ್ತದೆ. ಒಳ್ಳೆಯ ಸುದ್ದಿಯೆಂದರೆ, ಹಳೆಯ ಆಚಾರಿಗಳು ಮಾಡಿದ ದೊಡ್ಡ ಬೀರು, ಮಂಚಗಳು ಬಹುತೇಕ ಬಿಚ್ಚಿ ಜೋಡಿಸುವಂಥವು. ಮೇಲಿನ ಕಿರೀಟಪಟ್ಟಿ ಎತ್ತಿದರೆ ಬರುತ್ತದೆಯೇ, ಮಂಚದ ಪಟ್ಟಿಗಳು ಕಾಲಿಗೆ ಬೆಣೆ ಹೊಡೆದು ಕೂಡಿಸಿದವೇ ಎಂದು ನೋಡಿ. ಬಿಚ್ಚುವ ಮೊದಲು ಪ್ರತಿ ಕೂಡಿಕೆಯ ಎರಡೂ ಬದಿಗೆ ಸೀಮೆಸುಣ್ಣದಲ್ಲಿ ಒಂದೇ ಅಂಕಿ ಬರೆಯಿರಿ. ಕೈಯಲ್ಲಿ ಕೊರೆದ ಕೂಡಿಕೆಗಳು ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಮಂಚದ ವಿಷಯದಲ್ಲಿ ಇನ್ನೊಂದು ಮಾತು. ಅಂಗಡಿಯ ಹಾಸಿಗೆಗಳು ಸಾಮಾನ್ಯವಾಗಿ 72, 75 ಅಥವಾ 78 ಇಂಚು ಉದ್ದ ಬರುತ್ತವೆ. ಹಳೆಯ ಮಂಚಕ್ಕೆ ಇಂಥ ಲೆಕ್ಕವಿಲ್ಲ. ಒಳ ಅಳತೆ ತೆಗೆದು ಹತ್ತಿ ಹಾಸಿಗೆ ಹೊಲಿಸಿ, ಇಲ್ಲವೇ ಫೋಮ್ ಕತ್ತರಿಸಿ ಕೊಡುವವರ ಹತ್ತಿರ ಮಾಡಿಸಿ. ಹಾಸಿಗೆಗಾಗಿ ಮಂಚದ ಪಟ್ಟಿ ಕೊಯ್ಯಿಸುವುದು ದೊಡ್ಡ ತಪ್ಪು.

ಎಲ್ಲಿ ಹುಡುಕಬೇಕು?

ಬೆಂಗಳೂರಿನಲ್ಲಿ ಶಿವಾಜಿನಗರದ ಗುಜರಿ ಸಾಲು, ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸುತ್ತಿನ ಭಾನುವಾರದ ಸಂತೆ ಎಲ್ಲರಿಗೂ ಗೊತ್ತಿರುವಂಥವು. ಸಂತೆಗೆ ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೆಯದು. ದೊಡ್ಡ ಮರದ ಸಾಮಾನಿಗೆ ತಮಿಳುನಾಡಿನ ಕಾರೈಕುಡಿ, ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿ ಬರುವವರಿದ್ದಾರೆ. ಅಲ್ಲಿ ಆಯ್ಕೆ ಹೆಚ್ಚು, ಸಾಗಣೆ ಖರ್ಚೂ ಹೆಚ್ಚು. ಹಣ ಉಳಿಸುವ ದಾರಿ ಬೇರೆಯೇ ಇದೆ. ಮಲೆನಾಡು, ಕರಾವಳಿಯಲ್ಲಿ ಹಳೆಮನೆ ಕೆಡವುವ ಗುತ್ತಿಗೆದಾರರ ಪರಿಚಯ ಮಾಡಿಕೊಳ್ಳಿ. ಬಾಗಿಲು, ಕಿಟಕಿ, ಕಂಬ, ಮುಚ್ಚಿಗೆಯ ಹಲಗೆ ಅಂಗಡಿಗೆ ಹೋಗಿ ಪಾಲಿಶ್ ಆಗುವ ಮೊದಲೇ ಅಲ್ಲಿ ಸಿಗುತ್ತವೆ. ಪಾಲಿಶ್ ಇಲ್ಲದ ಮರದಲ್ಲಿ ಮೋಸ ಮಾಡುವುದು ಕಷ್ಟ.

ಕಣ್ಣಿಗೆ ಅಭ್ಯಾಸವಾಗಲು ಒಮ್ಮೆ ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮ, ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯ ಅಥವಾ ರಾಮನಗರದ ಜಾನಪದ ಲೋಕ ಸುತ್ತಿ ಬನ್ನಿ. ಅಸಲಿ ಸವಕಳಿ ಹೇಗಿರುತ್ತದೆ ಎಂದು ಅಲ್ಲಿ ತಿಳಿಯುತ್ತದೆ: ಖಾನೆಯ ಹಿಡಿಯ ಕೆಳಗೆ, ಹೊಸ್ತಿಲ ನಡುವೆ, ಕುರ್ಚಿಯ ಕೈಯ ತುದಿಯಲ್ಲಿ, ಅಂದರೆ ಮನುಷ್ಯರ ಕೈಕಾಲು ಆಡುವ ಕಡೆ ಮಾತ್ರ. ನಾಲ್ಕೂ ಮೂಲೆ ಒಂದೇ ಸಮ ಸವೆದಿದ್ದರೆ ಅದು ಸ್ಯಾಂಡರ್ ಯಂತ್ರದ ಕೆಲಸ.

ಮರವನ್ನು ಪರೀಕ್ಷಿಸುವ ಬಗೆ

ಮುಂಭಾಗ ನೋಡಬೇಡಿ, ಅದನ್ನು ಅಂಗಡಿಯವರು ಆಗಲೇ ಹೊಳೆಸಿರುತ್ತಾರೆ. ಖಾನೆ ಎಳೆದು ಹೊರಗೆ ತೆಗೆದು ತಿರುವಿ ಹಾಕಿ. ತಳ ಮತ್ತು ಹಿಂಬದಿ ಬಣ್ಣವಿಲ್ಲದೆ, ಕಾಲಕ್ಕೆ ತಾನಾಗಿ ಕಂದಿರಬೇಕು. ಖಾನೆಯ ಮೂಲೆಯಲ್ಲಿ ಎರಡು ಹಲಗೆಗಳನ್ನು ಕೂಡಿಸುವ ಹಲ್ಲುಗಳು ಒಂದಕ್ಕೊಂದು ತುಸು ಹೆಚ್ಚುಕಡಿಮೆ ಇದ್ದರೆ ಕೈಯಲ್ಲಿ ಕೊರೆದದ್ದು. ಎಲ್ಲ ಒಂದೇ ಅಳತೆ ಇದ್ದರೆ ಯಂತ್ರದ್ದು. ಹಲಗೆಯ ಅಂಚಿನಲ್ಲಿ ಪದರ ಪದರ ಕಂಡರೆ ಪ್ಲೈವುಡ್. ಮೇಲ್ಮೈಯ ಗೆರೆ ಅಂಚು ದಾಟಿ ಬದಿಗೂ ಇಳಿದಿದ್ದರೆ ಗಟ್ಟಿ ಮರ. ಅಂಚಿನಲ್ಲೇ ಗೆರೆ ತುಂಡಾಗಿದ್ದರೆ ಮೇಲೆ ಅಂಟಿಸಿದ ತೆಳು ಹಾಳೆ.

ಬೀಟೆ ಕೈಗೆ ಎತ್ತಿದರೇ ತೇಗಕ್ಕಿಂತ ಭಾರ, ಬಣ್ಣ ನೇರಳೆ ಬೆರೆತ ಕಂದು, ನಡುವೆ ಕಪ್ಪು ಗೆರೆ. ತೇಗವನ್ನು ಕಾಣದ ಕಡೆ ಉಗುರಿನಷ್ಟು ಕೆರೆದರೆ ಚರ್ಮದಂಥ ವಾಸನೆ ಬರುತ್ತದೆ, ಮುಟ್ಟಿದರೆ ಕೊಂಚ ಜಿಡ್ಡು. ಹಲಸು ಹೊಸದರಲ್ಲಿ ಹಳದಿ, ವರ್ಷಗಳು ಕಳೆದಂತೆ ಕೆಂಪುಗಂದು. ಹಲಸನ್ನು ಬೀಟೆಯೆಂದು ಮಾರುವವರು ಬಣ್ಣ ಬಳಿದಿರುತ್ತಾರೆ. ಬಿಳಿ ಹತ್ತಿಗೆ ಪಾಲಿಶ್ ಕೆಲಸದ ಸ್ಪಿರಿಟ್ ಹಾಕಿ ಬೀರಿನ ಹಿಂದೆ ಒಂದು ಕಡೆ ಅರ್ಧ ನಿಮಿಷ ಒತ್ತಿ ಹಿಡಿದು ಉಜ್ಜಿ. ಮೇಲ್ಮೈ ಅಂಟಂಟಾಗಿ ಹತ್ತಿಗೆ ಜೇನುಬಣ್ಣ ಹತ್ತಿದರೆ ಅದು ಹಳೆಯ ಅರಗಿನ ಪಾಲಿಶ್, ಸರಿಪಡಿಸುವುದು ಸುಲಭ. ಏನೂ ಆಗದಿದ್ದರೆ ಇತ್ತೀಚೆಗೆ ಹೊಡೆದ ಮೆಲಮೈನ್ ಅಥವಾ ಪಿಯು, ಅಂದರೆ ಸ್ಪಿರಿಟ್‌ಗೆ ಕರಗದ ಕೃತಕ ಪಾಲಿಶ್. ಗಾಢ ಬಣ್ಣವೇ ಎದ್ದು ಬಂದು ಕೆಳಗೆ ಬಿಳಿಚಿಕೊಂಡ ಮರ ಕಂಡರೆ ಅಂಗಡಿಯವರಿಗೊಂದು ನಮಸ್ಕಾರ ಹೇಳಿ ಹೊರಡಿ.

ಕುಟ್ಟೆ ಹುಳುವಿನ ಲೆಕ್ಕ

ಹಳೆ ಮರ ತಂದು ಮನೆಯ ಇತರ ಮರವನ್ನೂ ಕಳೆದುಕೊಳ್ಳುವುದು ಈ ಹುಳುವಿನಿಂದ. ಸಾಸಿವೆ ಗಾತ್ರದ ತೂತು, ಕೆಳಗೆ ನಯವಾದ ಹುಡಿ ಇದರ ಗುರುತು. ಗೆದ್ದಲು ಹಾಗಲ್ಲ, ಮಣ್ಣಿನ ದಾರಿ ಕಟ್ಟುತ್ತದೆ. ತೂತು ಇದ್ದ ಮಾತ್ರಕ್ಕೆ ಹುಳು ಇದೆ ಎಂದೇನಿಲ್ಲ. ಎಷ್ಟೋ ವರ್ಷದ ಹಿಂದೆಯೇ ಅದು ಹೊರಟುಹೋಗಿರಬಹುದು. ತಿಳಿಯಲು, ಇದ್ದರೆ ಕೊಲ್ಲಲು ಹೀಗೆ ಮಾಡಿ:

1. ವಸ್ತುವನ್ನು ಮನೆಯೊಳಗೆ ತರುವ ಮೊದಲು ಗ್ಯಾರೇಜ್ ಅಥವಾ ಬಾಲ್ಕನಿಯಲ್ಲಿ ಬೇರೆಯಾಗಿ ಇಡಿ. ಮೇಲೆ ಬಡಿದು, ಬ್ರಷ್‌ನಿಂದ ತೂತಿನ ಹುಡಿಯೆಲ್ಲ ಉದುರಿಸಿ.
2. ಕೆಳಗೆ ಕಪ್ಪು ಕಾಗದ ಹಾಸಿ ಎರಡು ವಾರ ಬಿಡಿ. ಹೊಸ ಹುಡಿ ಬಿದ್ದರೆ ಹುಳು ಜೀವಂತ.
3. ಹುಳು ಇದ್ದರೆ, ಬಣ್ಣದಂಗಡಿಯಲ್ಲಿ ಸಿಗುವ, ಎಣ್ಣೆ ಆಧಾರಿತ ಮರರಕ್ಷಕ ದ್ರವವನ್ನು ಸಿರಿಂಜ್‌ನಲ್ಲಿ ಪ್ರತಿ ತೂತಿಗೂ ತುಂಬಿ. ಪಾಲಿಶ್ ಇಲ್ಲದ ತಳ, ಹಿಂಬದಿಗೆ ಬ್ರಷ್‌ನಲ್ಲಿ ಬಳಿಯಿರಿ. ಕೈಗವಸು, ಕನ್ನಡಕ ಬೇಕೇ ಬೇಕು. ಒಂದು ತೂತಿಗೆ ಹಾಕಿದ್ದು ಇನ್ನೊಂದರಿಂದ ಚಿಮ್ಮಿ ನೇರ ಕಣ್ಣಿಗೆ ಬೀಳುವುದುಂಟು.
4. ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಅಂಚಿಗೆ ಟೇಪ್ ಹಾಕಿ ಒಂದು ವಾರ ಬಿಡಿ. ಬಿಚ್ಚಿದ ಮೇಲೆ ಇನ್ನೊಂದು ವಾರ ಗಾಳಿಗೆ.
5. ತೂತುಗಳನ್ನು ಅದೇ ಬಣ್ಣದ ಮೇಣದಿಂದ ಮುಚ್ಚಿ. ಮುಂದೆ ಹೊಸ ತೂತು ಬಿದ್ದರೆ ಗೊತ್ತಾಗಲಿ ಎಂಬುದೇ ಇದರ ಮುಖ್ಯ ಉದ್ದೇಶ.

ಬಿಸಿಲಿಗೆ ಇಟ್ಟರೆ ಸಾಕು ಎನ್ನುವ ಮಾತು ನಂಬಬೇಡಿ. ಹುಳು ಒಳಗೆ ಉಳಿಯುತ್ತದೆ, ಮರ ಮಾತ್ರ ಸೀಳುತ್ತದೆ. ಊಟದ ಮೇಜು, ತೊಟ್ಟಿಲು, ಮಕ್ಕಳು ಬಾಯಿ ಹಾಕುವ ವಸ್ತುಗಳಿಗೆ ಈ ದ್ರವ ಬೇಡ. ಹುಳು ಹಿಡಿದದ್ದಾದರೆ ಅಂಥವನ್ನು ಕೊಳ್ಳದಿರುವುದೇ ಸರಿ.

ತೊಳೆಯುವುದಕ್ಕೂ ಒಂದು ಮಿತಿ

ಮೊದಲು ಒಣ ಬ್ರಷ್. ಆಮೇಲೆ ಒಂದು ಲೀಟರ್ ನೀರಿಗೆ ನಾಲ್ಕೈದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಬಟ್ಟೆ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ. ಬೆನ್ನಿಗೇ ಒಣ ಬಟ್ಟೆ. ಅರ್ಧದಷ್ಟು ಸಾಮಾನಿಗೆ ಇಷ್ಟೇ ಸಾಕು. ಅದಾದ ಮೇಲೂ ಮರ ಬಾಯಾರಿದಂತೆ ಕಂಡರೆ ಕುದಿಸಿದ ಅಗಸೆ ಎಣ್ಣೆ (ಬಣ್ಣದಂಗಡಿಯದ್ದು, ಅಡುಗೆಯದ್ದಲ್ಲ) ಮತ್ತು ಟರ್ಪೆಂಟೈನ್ ಸಮಪಾಲು ಬೆರೆಸಿ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ. 20 ನಿಮಿಷ ಬಿಟ್ಟು ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಒರೆಸದೆ ಬಿಟ್ಟರೆ ಮೇಲೆ ಅಂಟು ಪದರ ಕೂತು ದೂಳು ಹಿಡಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟೂ ಬರುತ್ತದೆ. ಎಣ್ಣೆಯಾದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಬೇಡಿ. ಅಗಸೆ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಸೇರಿ ತಾನಾಗಿ ಬೆಂಕಿ ಹತ್ತುತ್ತದೆ. ನೀರಿನಲ್ಲಿ ನೆನೆಸಿಡಿ, ಇಲ್ಲವೇ ಹೊರಗೆ ಬಿಡಿಸಿ ಒಣಗಿಸಿ.

ಅರಗಿನ ಪಾಲಿಶ್ ಬೇಕೆಂದಿದ್ದರೆ ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಅರಗಿನ ಚಕ್ಕೆ ಹಾಕಿ ರಾತ್ರಿಯಿಡೀ ಕರಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹತ್ತಿಯುಂಡೆಯಿಂದ ತೆಳ್ಳಗೆ ನಾಲ್ಕೈದು ಸಲ ಹಚ್ಚಿ. ಮಳೆ ಬರುವ ದಿನ ಈ ಕೆಲಸಕ್ಕೆ ಕೈಹಾಕಿದರೆ ತೇವ ಹೀರಿ ಮೇಲೆ ಬಿಳಿ ಮಸುಕು ಕೂರುತ್ತದೆ. ಕಾಫಿ ಇಡುವ ಟೀಪಾಯಿಗೆ ಅರಗು ಬೇಡ, ಬಿಸಿ ಲೋಟದ ಬಿಳಿ ಉಂಗುರ ಮೊದಲ ದಿನವೇ ಬೀಳುತ್ತದೆ.

ಹಿತ್ತಾಳೆ, ತಾಮ್ರ, ಬಿದರಿ

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ ಇರಲಿ. ಅಂಟಿಕೊಂಡರೆ ಅದು ಹಿತ್ತಾಳೆ ಲೇಪಿಸಿದ ಕಬ್ಬಿಣ. ಮನೆಗೆ ತಂದ ಹಂಡೆ, ಕೊಳಗವನ್ನು ಹುಣಸೆಹಣ್ಣು ಉಪ್ಪಿನಲ್ಲಿ ತಿಕ್ಕಬಹುದು, ಆದರೆ ಹಚ್ಚಿ ಗಂಟೆಗಟ್ಟಲೆ ಬಿಡಬೇಡಿ. ಹುಳಿಗೆ ಹಿತ್ತಾಳೆಯೊಳಗಿನ ಸತು ಕರಗಿ ಮೇಲೆ ತಾಮ್ರದ ಗುಲಾಬಿ ಕಲೆ ಉಳಿಯುತ್ತದೆ, ಅದನ್ನು ತೆಗೆಯಲು ಮತ್ತೆ ಉಜ್ಜಬೇಕು. ಒಂದೆರಡು ನಿಮಿಷ ತಿಕ್ಕಿ, ತೊಳೆದು, ತಕ್ಷಣ ಒರೆಸಿ. ಚಿತ್ತಾರದ ಸಂದಿಯ ಕಪ್ಪನ್ನು ಹಾಗೇ ಬಿಡಿ. ಅದು ಹೋದರೆ ಚಿತ್ತಾರವೂ ಕಾಣುವುದಿಲ್ಲ, ವಸ್ತು ನಿನ್ನೆ ಮಾಡಿದ್ದರಂತೆ ಕಾಣುತ್ತದೆ.

ಬಿದರಿಗೆ ಹುಣಸೆ, ಪುಡಿ ಯಾವುದನ್ನೂ ತಾಗಿಸಬೇಡಿ. ಸತುವೇ ಹೆಚ್ಚಾಗಿ, ತಾಮ್ರ ಕೊಂಚವಾಗಿರುವ ಲೋಹ ಅದು. ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಸೇರಿಸಿ ಅದನ್ನು ಕಪ್ಪಾಗಿಸಿರುತ್ತಾರೆ. ತಿಕ್ಕಿದರೆ ಆ ಕಪ್ಪೇ ಹೋಗಿ ಬೆಳ್ಳಿಯ ಗೆರೆ ಬೂದು ಹಿನ್ನೆಲೆಯಲ್ಲಿ ಕಳೆದುಹೋಗುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು.

ಹಂಡೆಯಲ್ಲಿ ಗಿಡ ಇಡುವುದಾದರೆ ತಳಕ್ಕೆ ತೂತು ಕೊರೆಯಬೇಡಿ. ಕೆಳಗೆ ಎರಡು ಇಂಚು ಜಲ್ಲಿ ಹಾಕಿ, ಪ್ಲಾಸ್ಟಿಕ್ ಕುಂಡವನ್ನು ಒಳಗೆ ಕೂರಿಸಿ. ನೀರು ಹಾಕುವಾಗ ಕುಂಡ ಹೊರಗೆ ಎತ್ತಿಕೊಳ್ಳಿ. ಬೆಸುಗೆ ಹಾಕಿದ ಹಳೆ ಪಾತ್ರೆಯಲ್ಲಿ ಅಡುಗೆ ಬೇಡ, ಬೆಸುಗೆಯಲ್ಲಿ ಸೀಸ ಇದ್ದೀತು.

ಚಿತ್ರ, ಕೌದಿ, ಬಾಗಿಲು

ರಾಜಾ ರವಿವರ್ಮ 1894ರಲ್ಲಿ ಮುಂಬೈನಲ್ಲಿ ಆರಂಭಿಸಿದ ಮುದ್ರಣಾಲಯದ ಲಕ್ಷ್ಮಿ, ಸರಸ್ವತಿಯರು ಹಳೆ ಕಟ್ಟಿನಲ್ಲಿ ಇನ್ನೂ ಸಿಗುತ್ತಾರೆ. ನಕಲೂ ಅಷ್ಟೇ ಸಿಗುತ್ತದೆ. ಭೂತಗನ್ನಡಿ ಹಿಡಿದು ಮುಖದ ಭಾಗ ನೋಡಿ. ಸಾಲುಸಾಲಾಗಿ ಹೂವಿನಂತೆ ಜೋಡಿಸಿದ ನಾಲ್ಕು ಬಣ್ಣದ ಚುಕ್ಕಿ ಕಂಡರೆ ಅದು ಈಚಿನ ಆಫ್‌ಸೆಟ್. ಆ ಕಾಲದ ಕಲ್ಲಚ್ಚಿನದ್ದರಲ್ಲಿ (ಲಿಥೋಗ್ರಾಫ್) ಚುಕ್ಕಿಗಳಿಗೆ ಕ್ರಮವಿರುವುದಿಲ್ಲ, ಬಣ್ಣ ಒಂದರ ಮೇಲೊಂದು ಮಂದವಾಗಿ ಕೂತಿರುತ್ತದೆ. ಲ್ಯಾಮಿನೇಶನ್ ಮಾಡಿಸಲೇಬಾರದು. ಹಿಂದಿನ ಹಲಗೆ ತೆಗೆಸಿ ಆಮ್ಲವಿಲ್ಲದ ಬೋರ್ಡ್ ಹಾಕಿಸಿ, ಗಾಜಿಗೂ ಚಿತ್ರಕ್ಕೂ ನಡುವೆ ಕನಿಷ್ಠ 3 ಮಿ.ಮೀ. ಅಂತರ ಬಿಡಿಸಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಚಿತ್ರ ಗಾಜಿಗೇ ಅಂಟುತ್ತದೆ. ತೂಗುಹಾಕುವಾಗ ಚಿತ್ರದ ನಡುಭಾಗ ನೆಲದಿಂದ 58ರಿಂದ 60 ಇಂಚು ಇರಲಿ. ಮಳೆ ಹೊಡೆಯುವ ಹೊರಗೋಡೆ ಬೇಡ.

ಉತ್ತರ ಕರ್ನಾಟಕದ ಹಳೆ ಕೌದಿಯನ್ನು ಗೋಡೆಗೆ ಹಾಕುವುದು ಈಗ ರೂಢಿಯಾಗಿದೆ. ಮೊಳೆ ಹೊಡೆದರೆ ತೂಕಕ್ಕೆ ಅಲ್ಲೇ ಹರಿಯುತ್ತದೆ. ಹಿಂಬದಿಯ ಮೇಲಂಚಿಗೆ 4 ಇಂಚು ಅಗಲದ ಹತ್ತಿ ಪಟ್ಟಿಯನ್ನು ಕೊಳವೆಯಂತೆ ಹೊಲಿದು, ಅದರೊಳಗೆ ಕೋಲು ತೂರಿಸಿ. ನೇರ ಬಿಸಿಲು ಬೀಳುವ ಗೋಡೆಯಾದರೆ ಬಣ್ಣ ಉಳಿಯದು.

ಕೆತ್ತನೆಯ ಬಾಗಿಲನ್ನು ಊಟದ ಮೇಜು ಮಾಡುವವರು ನೆಲದಿಂದ, ಬಾಗಿಲ ಮೇಲೆ ಹಾಸುವ ಗಾಜಿನ ಮೇಲ್ಭಾಗದವರೆಗೆ ಒಟ್ಟು 30 ಇಂಚು ಬರುವಂತೆ ಕಾಲಿನ ಎತ್ತರ ಲೆಕ್ಕ ಹಾಕಬೇಕು. ಬಾಗಿಲೇ ಎರಡು ಇಂಚು ದಪ್ಪ ಇರುತ್ತದೆ, ಅದನ್ನು ಮರೆತರೆ ಮೇಜು ಅಷ್ಟು ಎತ್ತರವಾಗಿಬಿಡುತ್ತದೆ. ಗಾಜು 10 ಮಿ.ಮೀ. ಟಫನ್ಡ್, ಕೆಳಗೆ ಸಿಲಿಕಾನ್ ಗುಂಡಿ. ಚಿಲಕ, ಬಿಜಾಗರಿ ಕೀಳಿಸಬೇಡಿ. ಅದೇ ಬಾಗಿಲನ್ನು ಗೋಡೆಗೆ ನೇತುಹಾಕುವ ಆಲೋಚನೆ ಬಿಡಿ. ಹಗುರ ಬ್ಲಾಕ್‌ನ ಗೋಡೆಯಲ್ಲಿ ಸ್ಕ್ರೂ ಕೂರಿಸುವ ಮಾಮೂಲಿ ಪ್ಲಗ್ ಆ ಭಾರ ಹಿಡಿಯುವುದಿಲ್ಲ. ನೆಲಕ್ಕೆ ನಿಲ್ಲಿಸಿ, ಮೇಲ್ಭಾಗವನ್ನು ಮಾತ್ರ ಎರಡು ಕಬ್ಬಿಣದ ಪಟ್ಟಿಯಿಂದ ಗೋಡೆಗೆ ಬಿಗಿಯಿರಿ.

ಕೊಳ್ಳಬಾರದ್ದು

ಆನೆದಂತ ಕೂಡಿಸಿದ ಹಳೆ ಮೈಸೂರು ಬೀಟೆ ಪೆಟ್ಟಿಗೆ, ಜಿಂಕೆ ಕೊಂಬು, ಕಾಟಿ (ಕಾಡುಕೋಣ) ತಲೆ: ಎಷ್ಟೇ ಹಳತಾದರೂ ವ್ಯಾಪಾರ ಅಪರಾಧ, 1972ರ ವನ್ಯಜೀವಿ ಕಾಯ್ದೆ ಇದೆ. ಅದೇ ವರ್ಷದ ಪುರಾತನ ವಸ್ತು ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ವಿಗ್ರಹ, ಶಿಲ್ಪ, ಚಿತ್ರಗಳು ಮತ್ತು 75 ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು ಪುರಾತನ ವಸ್ತುಗಳು. ಮಾರುವವರಿಗೆ ಪರವಾನಗಿ ಬೇಕು, ಸಾಮಾನ್ಯರು ಹೊರದೇಶಕ್ಕೆ ಒಯ್ಯುವಂತಿಲ್ಲ. ದೇವರ ವಿಗ್ರಹಕ್ಕೆ ರಸೀದಿ ಕೊಡಲು ಒಲ್ಲೆನೆಂದರೆ ಅಲ್ಲಿ ನಿಲ್ಲಬೇಡಿ.

ಜೋಡಿಸುವುದು

ಒಂದು ಕೋಣೆಗೆ ಒಂದೇ ದೊಡ್ಡ ಹಳೆ ವಸ್ತು. ಎರಡಾದರೆ ಕಣ್ಣು ಎಲ್ಲೂ ನಿಲ್ಲದು, ಮೂರಾದರೆ ಅದು ಅಂಗಡಿ. ಸಣ್ಣ ಹಿತ್ತಾಳೆ ಸಾಮಾನನ್ನು ಮನೆ ತುಂಬ ಹಂಚದೆ ಒಂದೇ ತಟ್ಟೆಯಲ್ಲಿ, ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ ಬರುವಂತೆ ಇಡಿ. ಬೀರಿಗೂ ಗೋಡೆಗೂ ಎರಡು ಇಂಚು ಸಂದು ಬಿಡಿ, ಓಡಾಡಲು 30 ಇಂಚು ಜಾಗ ಇರಲಿ. 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟಿನಡಿ ಬೀಟೆ ಬರೀ ಕಪ್ಪಾಗಿ ಕಾಣುತ್ತದೆ. 2700 ಕೆಲ್ವಿನ್ ಬಲ್ಬ್ ಹಾಕಿ ನೋಡಿ, ಒಳಗಿನ ಕೆಂಪು ಎದ್ದು ಬರುತ್ತದೆ.

ತೂಗುದೀಪಕ್ಕೆ ವಿದ್ಯುತ್ ಕೊಡಿಸುವಾಗ ಮೂರು ಎಳೆಯ ವೈರ್ ಹಾಕಿಸಿ, ಅರ್ಥ್ ಎಳೆಯನ್ನು ದೀಪದ ಲೋಹಕ್ಕೇ ಜೋಡಿಸಲು ಹೇಳಿ. ವೈರ್ ಒಳಹೋಗುವ ತೂತಿನ ಅಂಚಿಗೆ ರಬ್ಬರ್ ಬಳೆ ಬೇಕು, ಇಲ್ಲದಿದ್ದರೆ ಹಿತ್ತಾಳೆಯ ಅಂಚೇ ವೈರನ್ನು ಕೊಯ್ಯುತ್ತದೆ. ಹಳೆಯ ವಾಲ್ವ್ ರೇಡಿಯೋವನ್ನು ಶೋಕೇಸಿಗೆ ತಂದರೆ ಪರೀಕ್ಷೆಗೆಂದೂ ಪ್ಲಗ್‌ಗೆ ಚುಚ್ಚಬೇಡಿ. ಒಳಗಿನ ಕೆಪಾಸಿಟರ್‌ಗಳು ಕೆಟ್ಟಿರುತ್ತವೆ, ಕೆಲವು ಮಾದರಿಗಳಲ್ಲಿ ಲೋಹದ ಚೌಕಟ್ಟಿಗೇ ಕರೆಂಟ್ ಹರಿಯುತ್ತದೆ. ಬರೀ ನೋಡಲಿಕ್ಕೆ ಇಡುವುದಾದರೆ ಪ್ಲಗ್ ಕತ್ತರಿಸಿಬಿಡಿ.