ಕೋರ್ಟು ಮೆಟ್ಟಿಲು ಹತ್ತುವ ಮೊದಲು: ಟೆಕ್ಸಸ್‌ಗೆ ಹೊಸದಾಗಿ ಬಂದ ಕುಟುಂಬಗಳಿಗೆ ಕೌಂಟಿ ಕೋರ್ಟ್‌ಹೌಸ್ ಮಾರ್ಗದರ್ಶಿ

ಕೋರ್ಟು ಮೆಟ್ಟಿಲು ಹತ್ತಿದರು ಎಂಬ ಮಾತಿಗೆ ನಮ್ಮ ಕಡೆ ಒಳ್ಳೆಯ ಅರ್ಥವಿಲ್ಲ. ಆಸ್ತಿ ಪಾಲಿನ ಜಗಳವೋ, ದಾಂಪತ್ಯದ ಬಿರುಕೋ, ಬೌನ್ಸಾದ ಚೆಕ್ಕೋ ಇಲ್ಲದೆ ಮರ್ಯಾದಸ್ಥರು ಅತ್ತ ಸುಳಿಯುವುದಿಲ್ಲವೆಂಬ ಭಾವನೆ ಎಷ್ಟು ಗಟ್ಟಿಯಾಗಿದೆಯೆಂದರೆ, ಹೊಸದಾಗಿ ಬಂದ ಕುಟುಂಬದವರಿಗೆ ಈ ಕೆಲಸಕ್ಕೆ ನೀವು ಕೋರ್ಟ್‌ಹೌಸ್‌ಗೆ ಹೋಗಬೇಕಾಗುತ್ತದೆ ಎಂದು ನಮ್ಮ ಸಂಘದ ಸ್ವಯಂಸೇವಕರು ಹೇಳಿದ ಕೂಡಲೇ ಫೋನಿನ ಆ ಕಡೆ ಗಳಿಗೆಹೊತ್ತು ಮಾತೇ ನಿಂತುಹೋಗುತ್ತದೆ. ಟೆಕ್ಸಸ್‌ನ ಕೌಂಟಿ ಕೋರ್ಟ್‌ಹೌಸ್ ಮೂಲತಃ ನಮ್ಮ ತಾಲ್ಲೂಕು ಕಚೇರಿ, ಸಬ್‌ರಿಜಿಸ್ಟ್ರಾರ್ ಕಚೇರಿ ಮತ್ತು ನ್ಯಾಯಾಲಯಗಳನ್ನು ಒಂದೇ ಸೂರಿನಡಿ ತಂದಿಟ್ಟಂತಹ ಕಟ್ಟಡ. ಮದುವೆಯ ಲೈಸೆನ್ಸು, ಮನೆಯ ಕ್ರಯಪತ್ರದ ಪ್ರತಿ, ಸಣ್ಣ ವ್ಯಾಪಾರದ ಹೆಸರಿನ ನೋಂದಣಿ ಮೊದಲಾದ ಸಾಮಾನ್ಯ ಕೆಲಸಗಳಿಗಾಗಿಯೇ ಹೆಚ್ಚಿನವರು ಅಲ್ಲಿಗೆ ಹೋಗುತ್ತಾರೆ.

ಮೊದಲು ನಿಮ್ಮ ಮನೆ ಯಾವ ಕೌಂಟಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಟೆಕ್ಸಸ್‌ನಲ್ಲಿ 254 ಕೌಂಟಿಗಳಿವೆ. ಅಮೆರಿಕದ ಬೇರೆ ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ಊರಿನ ಹೆಸರನ್ನು ನೋಡಿ ಕೌಂಟಿಯನ್ನು ಊಹಿಸುವುದು ಸುರಕ್ಷಿತವಲ್ಲ. ಫ್ರಿಸ್ಕೊ ಪಟ್ಟಣವು ಕಾಲಿನ್ ಮತ್ತು ಡೆಂಟನ್ ಕೌಂಟಿಗಳೆರಡರಲ್ಲಿಯೂ ಹರಡಿಕೊಂಡಿದೆ, ಕೇಟಿ ಊರು ಹ್ಯಾರಿಸ್, ಫೋರ್ಟ್ ಬೆಂಡ್ ಮತ್ತು ವಾಲರ್ ಎಂಬ ಮೂರು ಕೌಂಟಿಗಳಲ್ಲಿ ಹಂಚಿಹೋಗಿದೆ, ಆಸ್ಟಿನ್‌ನ ಉತ್ತರದ ಅಂಚಿನ ಬಡಾವಣೆಗಳು ಕೆಲವು ವಿಲಿಯಮ್ಸನ್ ಕೌಂಟಿಗೆ ಸೇರುತ್ತವೆ. ಒಂದೇ ಪಟ್ಟಣದ ಇಬ್ಬರು ಕನ್ನಡಿಗರು ಆಸ್ತಿ ತೆರಿಗೆಯನ್ನು ಬೇರೆ ಬೇರೆ ಕಚೇರಿಗೆ ಕಟ್ಟುವುದು ಇಲ್ಲಿ ಸಾಮಾನ್ಯ ಸಂಗತಿ.

ಕೌಂಟಿಯ ಮುಖ್ಯಸ್ಥರನ್ನು ಕೌಂಟಿ ಜಡ್ಜ್ ಎಂದೂ, ಆಡಳಿತ ಮಂಡಳಿಯನ್ನು ಕಮಿಷನರ್ಸ್ ಕೋರ್ಟ್ ಎಂದೂ ಕರೆಯುವುದರಿಂದ ಹೊಸಬರಿಗೆ ಗೊಂದಲವಾಗುವುದು ಸಹಜ. ಕೌಂಟಿ ಜಡ್ಜ್ ಮತ್ತು ನಾಲ್ವರು ಕಮಿಷನರುಗಳು ಸೇರಿದ ಈ ಮಂಡಳಿ ರಸ್ತೆ, ಬಜೆಟ್, ತೆರಿಗೆ ದರ ಮುಂತಾದವುಗಳನ್ನು ತೀರ್ಮಾನಿಸುತ್ತದೆ. ಹೆಸರಿನಲ್ಲಿ ಕೋರ್ಟ್ ಇದ್ದರೂ ಕೆಲಸ ಹೆಚ್ಚುಕಡಿಮೆ ನಮ್ಮ ಜಿಲ್ಲಾ ಪಂಚಾಯಿತಿಯದು. ಐವರೂ ಚುನಾಯಿತರು, ಜಡ್ಜ್ ಆಗುವವರು ಕಾನೂನು ಪದವೀಧರರಾಗಿರಲೇಬೇಕೆಂಬ ನಿಯಮವೂ ಇಲ್ಲ. ನಿಮ್ಮ ಕೆಲಸಗಳು ಬಹುಪಾಲು ನಡೆಯುವುದು ಕೌಂಟಿ ಕ್ಲರ್ಕ್ ಅವರ ಕಚೇರಿಯಲ್ಲಿ. ಕ್ಲರ್ಕ್ ಎಂದ ಮಾತ್ರಕ್ಕೆ ಗುಮಾಸ್ತರೆಂದು ತಿಳಿಯಬಾರದು; ಅವರೂ ಜನರಿಂದ ಆಯ್ಕೆಯಾಗಿ ಬಂದ ಅಧಿಕಾರಿಯೇ.

ಮದುವೆ ಮತ್ತು ಮುಹೂರ್ತ

ಮದುವೆಯ ಲೈಸೆನ್ಸನ್ನು ರಾಜ್ಯದ ಯಾವ ಕೌಂಟಿ ಕ್ಲರ್ಕ್ ಕಚೇರಿಯಿಂದ ಬೇಕಾದರೂ ಪಡೆಯಬಹುದು. ಸಾಮಾನ್ಯವಾಗಿ ವಧೂವರರಿಬ್ಬರೂ ಖುದ್ದಾಗಿ ಹೋಗಿ, ಗುರುತಿನ ಚೀಟಿ ತೋರಿಸಿ, ಅರ್ಜಿಯಲ್ಲಿ ಬರೆದುದು ನಿಜವೆಂದು ಪ್ರಮಾಣ ಮಾಡಬೇಕು. ಗಾಜಿನ ಕಿಟಕಿಯ ಆಚೆ ಕುಳಿತವರು ಬಲಗೈ ಎತ್ತಿ ಎಂದಾಗ ನಗು ಬಂದರೂ ತಡೆದುಕೊಳ್ಳಿ. ಭಾರತದ ಪಾಸ್‌ಪೋರ್ಟ್ ಸಾಕು. ಆದರೆ ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುತ್ತದೆ, ಇಲ್ಲವೆ ತಂದೆಯ ಹೆಸರೋ ಊರಿನ ಹೆಸರೋ ಅಲ್ಲಿ ಬಂದು ಕುಳಿತಿರುತ್ತದೆ. ಕಾಗದ ಮುದ್ರಣವಾಗುವ ಮೊದಲು ಪರದೆಯ ಮೇಲಿನ ಅಕ್ಷರಗಳನ್ನು ಪಾಸ್‌ಪೋರ್ಟಿನೊಂದಿಗೆ ಹೋಲಿಸಿ ನೋಡಿರಿ. ಅಲ್ಲಿ ತಪ್ಪಿದ ಒಂದಕ್ಷರವು ಮುಂದೆ ವೀಸಾ ಅರ್ಜಿಯವರೆಗೂ ಬೆನ್ನು ಬಿಡದೆ ಬರುತ್ತದೆ.

ಮುಹೂರ್ತ ಇಡಿಸುವವರು ಎರಡು ಲೆಕ್ಕಗಳನ್ನು ಪಂಚಾಂಗದ ಜೊತೆಗೇ ನೋಡಬೇಕು. ಲೈಸೆನ್ಸ್ ಕೈಗೆ ಬಂದ ಮೇಲೆ 72 ಗಂಟೆಗಳು ಕಳೆಯುವವರೆಗೆ ಮದುವೆ ನಡೆಸುವಂತಿಲ್ಲ. ಸೇನೆಯಲ್ಲಿ ಸೇವೆಯಲ್ಲಿರುವವರಿಗೆ ಮತ್ತು ರಾಜ್ಯವು ಮಾನ್ಯ ಮಾಡಿದ ವಿವಾಹಪೂರ್ವ ತರಗತಿಯನ್ನು ಮುಗಿಸಿದವರಿಗೆ ಇದರಿಂದ ವಿನಾಯಿತಿ ಇದೆ. ಸೋಮವಾರ ಬೆಳಗ್ಗೆ 11ಕ್ಕೆ ಲೈಸೆನ್ಸ್ ಪಡೆದವರಿಗೆ ಗುರುವಾರ ಬೆಳಗ್ಗೆ 9.40ರ ಮುಹೂರ್ತ ಎಷ್ಟೇ ಶುಭವಾಗಿದ್ದರೂ ಕಾನೂನಿನ ದೃಷ್ಟಿಯಲ್ಲಿ ಸಲ್ಲುವುದಿಲ್ಲ. ಇನ್ನೊಂದು, ಈ ಲೈಸೆನ್ಸ್‌ನ ಆಯುಸ್ಸು 90 ದಿನಗಳಷ್ಟೇ ಆದ್ದರಿಂದ ತಂದೆತಾಯಿಗಳ ವೀಸಾ ಬರಲಿ ಎಂದು ಕಾಯುವವರು ಅದನ್ನು ಬಹಳ ಮುಂಚಿತವಾಗಿ ಮಾಡಿಸಿಟ್ಟುಕೊಳ್ಳಬಾರದು. ಸಾಕ್ಷಿಗಳ ಸಹಿ ಟೆಕ್ಸಸ್‌ನಲ್ಲಿ ಬೇಕಿಲ್ಲ, ಆದರೆ ಮದುವೆ ಮಾಡಿಸಿದ ಪುರೋಹಿತರು ಸಹಿ ಹಾಕಿದ ಲೈಸೆನ್ಸನ್ನು 30 ದಿನಗಳೊಳಗೆ ಅದೇ ಕ್ಲರ್ಕ್ ಕಚೇರಿಗೆ ಮರಳಿಸಬೇಕು. ನಮ್ಮ ಅನುಭವದಲ್ಲಿ ಎಡವಟ್ಟಾಗುವುದು ಇಲ್ಲಿಯೇ: ಊಟ, ಫೋಟೊ, ಬೀಳ್ಕೊಡುಗೆಗಳ ಗಡಿಬಿಡಿಯಲ್ಲಿ ಆ ಕಾಗದ ಪುರೋಹಿತರ ಚೀಲದಲ್ಲಿ ಸತ್ಯನಾರಾಯಣ ಕಥೆಯ ಪುಸ್ತಕದೊಳಗೆ ಉಳಿದುಬಿಡುತ್ತದೆ. ಧಾರೆ ಮುಗಿದ ದಿನವೇ ಮನೆಯ ಹಿರಿಯರೊಬ್ಬರು ಅದರ ಹೊಣೆ ಹೊತ್ತುಕೊಳ್ಳುವುದು ಒಳ್ಳೆಯದು.

ಮನೆ, ಕಾರು, ವ್ಯಾಪಾರ

ಮನೆ ಕೊಂಡಾಗ ಕ್ರಯಪತ್ರವನ್ನು ಟೈಟಲ್ ಕಂಪನಿಯವರೇ (ಆಸ್ತಿಯ ಹಕ್ಕುಪತ್ರಗಳನ್ನು ಪರಿಶೀಲಿಸಿ ವ್ಯವಹಾರ ಮುಗಿಸಿಕೊಡುವವರು) ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ನೋಂದಾಯಿಸುತ್ತಾರೆ. ಕೆಲವು ವಾರಗಳಲ್ಲಿ ಸರ್ಕಾರಿ ಕಾಗದದಂತೆಯೇ ಕಾಣುವ ಪತ್ರವೊಂದು ಬಂದು, ನಿಮ್ಮ ಕ್ರಯಪತ್ರದ ಪ್ರತಿಗೆ ನೂರು ಡಾಲರ್ ಕಳುಹಿಸಿ ಎಂದು ಕೇಳಿದರೆ ಕಳುಹಿಸಬೇಡಿ. ಕ್ಲರ್ಕ್ ಕಚೇರಿಯಲ್ಲಿ ಪ್ರತಿಯೊಂದಕ್ಕೆ ಪುಟಕ್ಕೆ 1 ಡಾಲರ್, ದೃಢೀಕರಣದ ಮುದ್ರೆ ಬೇಕಾದರೆ ಮೇಲೆ 5 ಡಾಲರ್ ಮಾತ್ರ. ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ತೆರಿಗೆ ವಿನಾಯಿತಿಯ ಅರ್ಜಿಯನ್ನು ಕೋರ್ಟ್‌ಹೌಸ್‌ಗೆ ಕೊಡದೆ, ಅಪ್ರೈಸಲ್ ಡಿಸ್ಟ್ರಿಕ್ಟ್ ಎಂಬ ಬೇರೆಯದೇ ಆದ ಕಚೇರಿಗೆ ಏಪ್ರಿಲ್ 30ರೊಳಗೆ ಕೊಡಬೇಕು, ಅದಕ್ಕೆ ಶುಲ್ಕವಿಲ್ಲ. ಆಸ್ತಿ ತೆರಿಗೆಯನ್ನು ಜನವರಿ 31ರೊಳಗೆ ಕಟ್ಟದಿದ್ದರೆ ದಂಡ ಮತ್ತು ಬಡ್ಡಿ ಬೀಳುತ್ತವೆ.

ಊರಿನ ಆರ್‌ಟಿಒ ಕಚೇರಿಯ ಕೆಲಸ ಇಲ್ಲಿ ಎರಡು ಪಾಲಾಗಿದೆ. ಚಾಲನಾ ಪರವಾನಗಿಯನ್ನು ರಾಜ್ಯದ ಸಾರ್ವಜನಿಕ ಸುರಕ್ಷತಾ ಇಲಾಖೆ ಕೊಡುತ್ತದೆ. ವಾಹನದ ನೋಂದಣಿಯನ್ನು ಕೌಂಟಿಯ ತೆರಿಗೆ ಕಚೇರಿ ಮಾಡುತ್ತದೆ. ಬೇರೆ ರಾಜ್ಯದಿಂದ ಕಾರು ತಂದವರು ವಾಸಕ್ಕೆ ಬಂದ 30 ದಿನಗಳೊಳಗೆ ನೋಂದಣಿಯನ್ನೂ, 90 ದಿನಗಳೊಳಗೆ ಪರವಾನಗಿಯನ್ನೂ ಬದಲಾಯಿಸಿಕೊಳ್ಳಬೇಕು. ನೋಂದಣಿಯ ವೇಳೆ ಹೊಸ ನಿವಾಸಿಗಳ ತೆರಿಗೆಯೆಂದು 90 ಡಾಲರ್ ಪ್ರತ್ಯೇಕವಾಗಿ ಕಟ್ಟಬೇಕಾಗುತ್ತದೆ. ಮನೆಯಿಂದಲೇ ಕೇಕ್, ಚಕ್ಕುಲಿ, ಭರತನಾಟ್ಯ ತರಗತಿ ಎಂದು ಸ್ವಂತ ಹೆಸರಿನ ಬದಲು ಬೇರೊಂದು ಹೆಸರಿನಲ್ಲಿ ವ್ಯಾಪಾರ ನಡೆಸುವವರು ಆ ಹೆಸರನ್ನು ಕೌಂಟಿ ಕ್ಲರ್ಕ್ ಬಳಿ ನೋಂದಾಯಿಸಬೇಕು, ಅದು ಹೆಚ್ಚೆಂದರೆ ಹತ್ತು ವರ್ಷ ನಡೆಯುತ್ತದೆ. ಆದರೆ ಅವಲಂಬಿತ ವೀಸಾದಲ್ಲಿರುವವರು ನೋಂದಣಿ ಸಿಕ್ಕಿತೆಂದು ದುಡಿಮೆಗೂ ಅನುಮತಿ ಸಿಕ್ಕಿತೆಂದು ಭಾವಿಸಬಾರದು. ಕೌಂಟಿಗೂ ವೀಸಾಕ್ಕೂ ಸಂಬಂಧವಿಲ್ಲ.

ಬಾಡಿಗೆ ಮನೆ ಬಿಟ್ಟವರಿಗೆ ಒಂದು ಮಾತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇಲ್ಲಿನ ಡೆಪಾಸಿಟ್ ಸಣ್ಣದೆನಿಸಬಹುದು, ಹಾಗೆಂದು ಬಿಟ್ಟುಕೊಡಬೇಕಾಗಿಲ್ಲ. ಹೊಸ ವಿಳಾಸವನ್ನು ಬರವಣಿಗೆಯಲ್ಲಿ ಕೊಟ್ಟು ಮನೆ ಖಾಲಿ ಮಾಡಿದರೆ ಮಾಲೀಕರು 30 ದಿನಗಳೊಳಗೆ ಹಣವನ್ನಾಗಲಿ, ಕಡಿತದ ಲೆಕ್ಕವನ್ನಾಗಲಿ ಕಳುಹಿಸಬೇಕು. ಕಳುಹಿಸದಿದ್ದರೆ ಜಸ್ಟಿಸ್ ಆಫ್ ದಿ ಪೀಸ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು; 20,000 ಡಾಲರ್‌ವರೆಗಿನ ವ್ಯಾಜ್ಯಗಳು ಅಲ್ಲಿ ನಡೆಯುತ್ತವೆ, ವಕೀಲರಿಲ್ಲದೆ ನೀವೇ ವಾದಿಸಬಹುದು. ಈ ನ್ಯಾಯಾಲಯಗಳು ಹೆಚ್ಚಾಗಿ ಮುಖ್ಯ ಕೋರ್ಟ್‌ಹೌಸ್‌ನಲ್ಲಿರದೆ ಆಯಾ ಭಾಗದ ಉಪಕಚೇರಿಗಳಲ್ಲಿರುತ್ತವೆ.

ಸಮನ್ಸ್ ಬಂದರೆ

ಪರವಾನಗಿ ಪಡೆದ ಕೆಲವು ತಿಂಗಳಲ್ಲಿ ಸಮನ್ಸ್ ಎಂಬ ದಪ್ಪಕ್ಷರದ ಕಾಗದ ಬಂದು ಮನೆಮಂದಿಯ ನಿದ್ದೆ ಕೆಡಿಸುವುದುಂಟು. ಅದು ಜ್ಯೂರಿ ಸೇವೆಯ ಕರೆ, ಅಂದರೆ ಮೊಕದ್ದಮೆಯನ್ನು ಕೇಳಿ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿಗೆ ಬರುವ ಕರೆ. ಮತದಾರರ ಪಟ್ಟಿಯ ಜೊತೆಗೆ ಚಾಲನಾ ಪರವಾನಗಿಯ ಪಟ್ಟಿಯಿಂದಲೂ ಹೆಸರು ಆರಿಸುವುದರಿಂದ ಎಚ್-1ಬಿ ವೀಸಾದವರಿಗೂ ಗ್ರೀನ್ ಕಾರ್ಡ್ ಉಳ್ಳವರಿಗೂ ಅದು ಬರುತ್ತದೆ. ಅದನ್ನು ಕಸದ ಬುಟ್ಟಿಗೆ ಹಾಕಬೇಡಿ. ನಾಗರಿಕನಲ್ಲ ಎಂಬ ಕಾರಣಕ್ಕೆ ಗುರುತು ಹಾಕಿ ನಿಗದಿತ ದಿನದೊಳಗೆ ಉತ್ತರಿಸಿ, ಉತ್ತರದ ಪ್ರತಿ ಇಟ್ಟುಕೊಳ್ಳಿ. ಇದೇ ಎಚ್ಚರಿಕೆಯನ್ನು ಮತದಾರರ ನೋಂದಣಿ ಅರ್ಜಿಯ ವಿಷಯದಲ್ಲಿ ಇಮ್ಮಡಿಯಾಗಿ ವಹಿಸಬೇಕು: ಮಾಲ್ ಎದುರು ಯಾರೋ ನಗುತ್ತ ಕೊಟ್ಟ ಅರ್ಜಿಯಲ್ಲಿ ನಾಗರಿಕನೆಂದು ಗುರುತು ಹಾಕುವುದು ಮುಂದೆ ಗ್ರೀನ್ ಕಾರ್ಡಿಗೇ ಅಡ್ಡ ಬರುವಷ್ಟು ಗಂಭೀರವಾದ ತಪ್ಪು.

ಊರಿನ ಆಸ್ತಿಗೆ ಅಧಿಕಾರಪತ್ರ ಕಳುಹಿಸುವವರೂ ಕೋರ್ಟ್‌ಹೌಸ್ ಯಾವ ಕಡೆ ಎಂದು ಕೇಳುತ್ತಾರೆ. ಅದಕ್ಕೆ ಕೋರ್ಟ್‌ಹೌಸ್ ಬೇಕಿಲ್ಲ. ನೋಟರಿಯ ಎದುರು ಸಹಿ ಮಾಡಿ, ಆಸ್ಟಿನ್‌ನಲ್ಲಿರುವ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯಿಂದ ಅಪೋಸ್ಟಿಲ್ (ಕಾಗದವನ್ನು ಹೊರದೇಶದಲ್ಲಿ ಒಪ್ಪುವಂತೆ ಮಾಡುವ ದೃಢೀಕರಣ) ಪಡೆಯುವುದು ರೂಢಿಯಲ್ಲಿರುವ ದಾರಿ. ಆ ಪತ್ರ ಕರ್ನಾಟಕ ತಲುಪಿದ ಮೂರು ತಿಂಗಳೊಳಗೆ ಅಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಲು ಮನೆಯವರಿಗೆ ತಿಳಿಸಿ.

ಕೋರ್ಟ್‌ಹೌಸ್ ಬಾಗಿಲಿನಲ್ಲಿ ವಿಮಾನ ನಿಲ್ದಾಣದಂತೆಯೇ ತಪಾಸಣೆ ಇರುತ್ತದೆ. ಒಮ್ಮೆ ನನ್ನ ತಾಯಿಯವರ ವ್ಯಾನಿಟಿ ಬ್ಯಾಗು ಎಕ್ಸ್‌ರೇ ಯಂತ್ರದೊಳಗೆ ಹೋಗಿ ಅಲ್ಲಿಯೇ ನಿಂತಿತು. ಕಾವಲಿನವರು ಪರದೆಯನ್ನು ಮತ್ತೆ ಮತ್ತೆ ನೋಡಿ, ಕೈಗವಸು ಹಾಕಿಕೊಂಡು ಎಲೆಯಡಿಕೆಯ ಸಂಚಿಯನ್ನು ಬಿಚ್ಚಿ, ಹಿತ್ತಾಳೆಯ ಅಡಕತ್ತರಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಇದೇನೆಂದು ಕೇಳಿದರು. ಅಮ್ಮ ಒಂದು ಅಡಿಕೆ ಕತ್ತರಿಸಿಯೇ ತೋರಿಸಲು ಹೊರಟಿದ್ದರು, ತಡೆದು ಅದನ್ನು ಕಾರಿನಲ್ಲಿಟ್ಟು ಬರುವಷ್ಟರಲ್ಲಿ ಸರದಿಯ ಸಾಲು ಬೆಳೆದಿತ್ತು. ಚಾಕು, ಕತ್ತರಿ, ಅಡಕತ್ತರಿ ಕಾರಿನಲ್ಲೇ ಇರಲಿ.

ಚೌಕದ ನಡುವಿನ ಹಳೆಯ ಕಟ್ಟಡ

ನಿಮ್ಮ ಕೆಲಸ ನಡೆಯುವ ಕಟ್ಟಡ ಹೆಚ್ಚಾಗಿ ಹೆದ್ದಾರಿಯ ಪಕ್ಕದ ಹೊಸ ಕಟ್ಟಡವಾಗಿರುತ್ತದೆ. ಊರ ನಡುವಿನ ಚೌಕದಲ್ಲಿ ಗಡಿಯಾರದ ಗೋಪುರ ಹೊತ್ತು ನಿಂತಿರುವುದು ಅದರ ಹಿರಿಯಣ್ಣ. ಎರಡನ್ನೂ ಒಂದೇ ದಿನ ನೋಡಿ ಬರಬೇಕೆಂಬುದು ನಮ್ಮ ಸಲಹೆ. ಕಾಲಿನ್ ಕೌಂಟಿಯ ಮೆಕಿನ್ನಿಯಲ್ಲಿ ಹಳೆಯ ಕೋರ್ಟ್‌ಹೌಸ್ ಈಗ ಪ್ರದರ್ಶನ ಕಲೆಗಳ ರಂಗಮಂದಿರವಾಗಿದೆ. ಕೌಂಟಿಯ ಹೆಸರೂ ಅದರ ಮುಖ್ಯಪಟ್ಟಣದ ಹೆಸರೂ ಒಬ್ಬನೇ ವ್ಯಕ್ತಿಯದು ಎಂಬುದು ಅಲ್ಲಿ ವರ್ಷಗಟ್ಟಲೆ ಇದ್ದವರಿಗೂ ಹೊಳೆದಿರುವುದಿಲ್ಲ: ಕಾಲಿನ್ ಮೆಕಿನ್ನಿ 1836ರ ಟೆಕ್ಸಸ್ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲಿ ಒಬ್ಬ. ಡೆಂಟನ್‌ನ 1896ರ ಸುಣ್ಣಕಲ್ಲಿನ ಕೋರ್ಟ್‌ಹೌಸ್ ಅಂಗಳದಲ್ಲಿ ಊರಿಗೆ ಹೆಸರು ಕೊಟ್ಟ ಜಾನ್ ಡೆಂಟನ್‌ನ ಸಮಾಧಿಯಿದೆ. ಅದೇ ಅಂಗಳದಲ್ಲಿ 1918ರಲ್ಲಿ ನಿಲ್ಲಿಸಿದ್ದ ಕಾನ್ಫೆಡರೇಟ್ (ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣ ರಾಜ್ಯಗಳ) ಸೈನಿಕ ಸ್ಮಾರಕವನ್ನು 2020ರಲ್ಲಿ ತೆಗೆಯಲಾಯಿತು. ಯಾರ ನೆನಪನ್ನು ಕೋರ್ಟಿನ ಅಂಗಳದಲ್ಲಿ ಇಡಬೇಕೆಂಬ ವಾದ ಇಲ್ಲಿ ಇನ್ನೂ ಬಿಸಿಯಾಗಿಯೇ ಇದೆ.

ಒಂದನ್ನೇ ನೋಡಲು ಸಮಯವಿದ್ದರೆ ಜಾರ್ಜ್‌ಟೌನ್‌ಗೆ ಹೋಗಿ. ರೌಂಡ್ ರಾಕ್‌ನ ನಮ್ಮವರಿಗೆ ಅದು ಪಕ್ಕದ ಊರು. 1911ರ ಆ ಕಟ್ಟಡದ ನ್ಯಾಯಾಲಯದ ಸಭಾಂಗಣದಲ್ಲಿ 1923ರಲ್ಲಿ, ಒಬ್ಬ ಸಂಚಾರಿ ಮಾರಾಟಗಾರನನ್ನು ಹಿಡಿದು ಚಾವಟಿಯಿಂದ ಹೊಡೆದ, ಬಿಳಿಯರ ಮೇಲುಗೈಯನ್ನು ಸಾರುವ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತ ಸಂಘಟನೆಯ ಸದಸ್ಯರ ವಿಚಾರಣೆ ನಡೆಯಿತು. ಕ್ಲಾನ್ ಆಗ ಟೆಕ್ಸಸ್ ರಾಜಕೀಯವನ್ನೇ ಆಡಿಸುತ್ತಿದ್ದ ಕಾಲ, ಜ್ಯೂರಿಗಳಲ್ಲೂ ಪೊಲೀಸರಲ್ಲೂ ಅದರ ಜನರಿದ್ದರು. ಅಂತಹದರಲ್ಲಿ ಡ್ಯಾನ್ ಮೂಡಿ ಎಂಬ ಯುವ ಸರ್ಕಾರಿ ವಕೀಲ ಆರೋಪಿಗಳಿಗೆ ಸೆರೆವಾಸ ಕೊಡಿಸಿ, 1927ರಲ್ಲಿ 33ರ ವಯಸ್ಸಿಗೆ ರಾಜ್ಯದ ಗವರ್ನರ್ ಆದ. ಶುಗರ್‌ಲ್ಯಾಂಡ್‌ನವರಿಗೆ ಹತ್ತಿರವಾದ ರಿಚ್ಮಂಡ್‌ನ ಕಥೆ ಇಷ್ಟು ಹಗುರಾಗಿ ಮುಗಿಯುವುದಿಲ್ಲ. ಅಲ್ಲಿ 1889ರ ಆಗಸ್ಟ್‌ನಲ್ಲಿ ಹಳೆಯ ಕೋರ್ಟ್‌ಹೌಸ್ ಬಳಿ ಎರಡು ರಾಜಕೀಯ ಬಣಗಳ ನಡುವೆ ಗುಂಡಿನ ಕಾಳಗವಾಗಿ ಷೆರಿಫ್ ಸತ್ತ. ಗೆದ್ದ ಜೇಬರ್ಡ್ ಬಣವು ಕಪ್ಪು ಜನರನ್ನು ತನ್ನ ಒಳಚುನಾವಣೆಗಳಿಂದ ಹೊರಗಿಟ್ಟ ಪದ್ಧತಿಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಲು 1953ರವರೆಗೆ ಕಾಯಬೇಕಾಯಿತು.

ಡಲ್ಲಾಸ್‌ನ ದಕ್ಷಿಣಕ್ಕಿರುವ ವಾಕ್ಸಹಾಚಿಯಲ್ಲಿ ಕೆಂಪು ಮರಳುಗಲ್ಲು, ನಸುಗೆಂಪು ಗ್ರಾನೈಟ್‌ಗಳಿಂದ 1897ರಲ್ಲಿ ಮುಗಿದ ಎಲಿಸ್ ಕೌಂಟಿ ಕೋರ್ಟ್‌ಹೌಸ್ ಇದೆ. ಕಂಬಗಳ ತಲೆಯ ಮೇಲೆ ಕೆತ್ತಿದ ಮುಖಗಳು ಒಂದೆಡೆ ಚೆಲುವಾಗಿದ್ದು ಇನ್ನೊಂದೆಡೆ ವಿಕಾರವಾಗಿವೆ. ಶಿಲ್ಪಿಯೊಬ್ಬ ಊರಿನ ಹುಡುಗಿಯನ್ನು ಮೆಚ್ಚಿ, ಅವಳು ಒಲ್ಲೆನೆಂದಂತೆಲ್ಲ ಮುಖವನ್ನು ಕೆಡಿಸುತ್ತ ಹೋದನೆಂದು ಊರವರು ಕಥೆ ಹೇಳುತ್ತಾರೆ. ಮೆಚ್ಚಿದ್ದನ್ನು ಕಲ್ಲಿನಲ್ಲಿ ಬಿಟ್ಟುಹೋದ ಶಿಲ್ಪಿಗಳ ಕಥೆ ಕೇಳಿ ಬೆಳೆದ ಬೇಲೂರಿನ ಕಡೆಯವರಿಗೆ ಮುನಿಸನ್ನೂ ಕಲ್ಲಿನಲ್ಲಿ ಬಿಟ್ಟವನ ಈ ಕಥೆ ಇಷ್ಟವಾದೀತು.

ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವವರು ಹೆದ್ದಾರಿ 35ರಲ್ಲಿ ಹಿಲ್ಸ್‌ಬರೊ ದಾಟಿಯೇ ಹೋಗಬೇಕು. ಡೆಂಟನ್ ಕಟ್ಟಡದ ವಾಸ್ತುಶಿಲ್ಪಿ ಡಾಡ್ಸನ್ ವಿನ್ಯಾಸ ಮಾಡಿದ ಅಲ್ಲಿನ 1890ರ ಕೋರ್ಟ್‌ಹೌಸ್ 1993ರ ಹೊಸ ವರ್ಷದ ದಿನ ಬೆಂಕಿಗೆ ಸಿಕ್ಕಿ, ಗೋಡೆಗಳಷ್ಟೇ ಉಳಿದವು. ಜನರು ಹಣ ಕೂಡಿಸಿ ಅದನ್ನು ಮೊದಲಿನಂತೆಯೇ ಕಟ್ಟಿದರು. ಹಳೆಯ ಕೋರ್ಟ್‌ಹೌಸ್‌ಗಳ ದುರಸ್ತಿಗೆ ರಾಜ್ಯವೇ ನೆರವು ಕೊಡುವ ಯೋಜನೆ 1999ರಲ್ಲಿ ಆರಂಭವಾಯಿತು. ಹೆದ್ದಾರಿಯಿಂದ ಚೌಕಕ್ಕೆ ಐದಾರು ನಿಮಿಷದ ದಾರಿ. ವಾರದ ದಿನಗಳಲ್ಲಿ ಹೋದರೆ ಒಳಗೂ ಹೋಗಬಹುದು, ಶನಿವಾರ ಭಾನುವಾರಗಳಲ್ಲಾದರೆ ಬುತ್ತಿಯನ್ನು ಅಂಗಳದಲ್ಲಿ ಬಿಚ್ಚಿ, ಮಕ್ಕಳನ್ನು ಗೋಪುರದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿಕೊಂಡು ಹೊರಡಬಹುದು.