ಅಮೆರಿಕದಲ್ಲಿ ಮನೆ ಸಾಮಾನು ಸಾಗಿಸುವಾಗ: ಪೌಂಡಿಗೆ 60 ಸೆಂಟ್ ಕಥೆ

ಹೋದ ತಿಂಗಳು ಹೊಸದಾಗಿ ಬಂದ ಹುಡುಗನೊಬ್ಬ ಡಲ್ಲಾಸ್‌ನಿಂದ ನ್ಯೂಜೆರ್ಸಿಗೆ ಮನೆ ಬದಲಿಸುತ್ತಿದ್ದ. "ಸಾಮಾನು ಸಾಗಿಸೋ ಮೂವರ್ ಸಿಕ್ಕಿದ್ರು ಸರ್, ಇನ್ಶೂರೆನ್ಸ್ ಫ್ರೀ ಅಂತೆ" ಎಂದ. ನನ್ನ ಎದೆ ಧಸಕ್ಕೆಂದಿತು. ಆರು ವರ್ಷದ ಹಿಂದೆ ಇದೇ ಮಾತನ್ನು ನಾನು ಖುಷಿಯಿಂದ ಹೆಂಡತಿಗೆ ಹೇಳಿದ್ದೆ.

ಅದು ಇನ್ಶೂರೆನ್ಸೇ ಅಲ್ಲ. ಕಾಗದದಲ್ಲಿ ಅದರ ಹೆಸರು 'ರಿಲೀಸ್ಡ್ ವ್ಯಾಲ್ಯೂ'. ಸಾಮಾನು ಒಡೆದರೆ, ಕಳೆದರೆ ಮೂವರ್ ಕೊಡಬೇಕಾದದ್ದು ಅದರ ತೂಕ ನೋಡಿ, ಪೌಂಡಿಗೆ 60 ಸೆಂಟ್. ಕೊಂಡ ಬೆಲೆ ಎಷ್ಟೇ ಇರಲಿ. ನಮ್ಮ 40 ಪೌಂಡಿನ ಟಿವಿ ಪರದೆ ಬಿರುಕು ಬಿಟ್ಟು ಬಂತು. ಕೈಗೆ ಸಿಕ್ಕಿದ್ದು 24 ಡಾಲರ್. ಈ ಲೆಕ್ಕದಲ್ಲಿ 25 ಪೌಂಡಿನ ಗ್ರೈಂಡರ್ ಹೋದರೆ 15 ಡಾಲರ್, 3 ಪೌಂಡಿನ ಲ್ಯಾಪ್‌ಟಾಪ್ ಹೋದರೆ 1 ಡಾಲರ್ 80 ಸೆಂಟ್. ರುಬ್ಬುವ ಕಲ್ಲಿಗೇ ಬೆಲೆ ಜಾಸ್ತಿ!

ಜಗಳ ಆಡೋಣ ಅಂದರೆ ಸಹಿ ನನ್ನದೇ. ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವಾಗ ಫೆಡರಲ್ ನಿಯಮದ ಪ್ರಕಾರ ನಮಗೆ ತಾನಾಗಿ ಸಿಗುವುದು 'ಫುಲ್ ವ್ಯಾಲ್ಯೂ ಪ್ರೊಟೆಕ್ಷನ್'. ಅಂದರೆ ರಿಪೇರಿ ಮಾಡಿಸಬೇಕು, ಇಲ್ಲವೇ ಅಂಥದ್ದೇ ಬೇರೆ ಕೊಡಬೇಕು, ಇಲ್ಲವೇ ದುಡ್ಡು ಕೊಡಬೇಕು. ಅದು ಬೇಡ ಎಂದು ನಾವು ಬರೆದುಕೊಟ್ಟರೆ ಮಾತ್ರ 60 ಸೆಂಟ್. ಲಾರಿ ಬಂದು ನಿಂತ ಬೆಳಿಗ್ಗೆ "ಇಲ್ಲೊಂದು ಸಹಿ, ಅಲ್ಲೊಂದು ಸಹಿ" ಎಂದು ಬೆರಳು ತೋರಿಸುತ್ತಾರಲ್ಲ, ಆ ಗಡಿಬಿಡಿಯಲ್ಲೇ ನಾನು ಬರೆದುಕೊಟ್ಟಿದ್ದೆ. ಫುಲ್ ವ್ಯಾಲ್ಯೂಗೆ ಬೇರೆ ದುಡ್ಡಾಗುತ್ತದೆ, ನಿಜ. ಕೊಟ್ಟುಬಿಡಿ. ಅದರಲ್ಲೂ ಪೌಂಡಿಗೆ 100 ಡಾಲರ್ ಮೀರಿದ ಬೆಲೆಯ ವಸ್ತುವನ್ನು ಪಟ್ಟಿಯಲ್ಲಿ ಬರೆಸದಿದ್ದರೆ ಪೂರ್ತಿ ಬೆಲೆ ಕೊಡದೆ ಜಾರಿಕೊಳ್ಳಬಹುದು. ಒಡವೆ, ಲ್ಯಾಪ್‌ಟಾಪ್ ನಿಮ್ಮ ಕಾರಿನಲ್ಲೇ ಇರಲಿ.

ಮೂವರ್ ಆರಿಸುವ ಮೊದಲು ಒಂದು ಪ್ರಶ್ನೆ ಕೇಳಿ: ಸ್ವಂತ ಲಾರಿ ಇದೆಯೋ, ಬ್ರೋಕರೋ? ಬ್ರೋಕರ್ ಹತ್ತಿರ ಲಾರಿ ಇರುವುದಿಲ್ಲ, ಟಿವಿ ಒಡೆದರೆ ಜವಾಬ್ದಾರಿಯೂ ಇರುವುದಿಲ್ಲ. ಯುಎಸ್‌ಡಾಟ್ ನಂಬರ್ (ಸಾರಿಗೆ ಇಲಾಖೆಯ ನೋಂದಣಿ ಸಂಖ್ಯೆ) ಇಸಕೊಂಡು, ಲಾರಿ ಕಂಪನಿಗಳ ಮೇಲೆ ಕಣ್ಣಿಡುವ ಫೆಡರಲ್ ಸಂಸ್ಥೆ ಎಫ್‌ಎಂಸಿಎಸ್‌ಎ ಸೈಟಿನಲ್ಲಿ ಹಾಕಿ ನೋಡಿ. ತೂಕ ಬಿಟ್ಟು ಕ್ಯೂಬಿಕ್ ಫೂಟ್ ಲೆಕ್ಕದಲ್ಲಿ ರೇಟ್ ಹೇಳಿದರೆ, ಸಾಮಾನು ನೋಡದೆ ದೊಡ್ಡ ಅಡ್ವಾನ್ಸ್ ಕೇಳಿದರೆ ಸುಮ್ನೆ ಫೋನ್ ಇಟ್ಟುಬಿಡಿ.

ಒಂದು ವಿಷಯದಲ್ಲಿ ಮಾತ್ರ ಇಲ್ಲಿನ ಪದ್ಧತಿಯೇ ವಾಸಿ. ನಮ್ಮ ಕಡೆ ಲಾರಿ ಬಾಗಿಲಿಗೆ ಬಂದ ಮೇಲೆ ರೇಟ್ ಏರಿಸಿದರೆ ನಮ್ಮ ಬಾಯಿಯೇ ನಮಗೆ ಗತಿ, ಅಲ್ವಾ? ಇಲ್ಲಿ ಎಸ್ಟಿಮೇಟ್ 'ನಾನ್-ಬೈಂಡಿಂಗ್' (ಬರೀ ಅಂದಾಜು, ಕೊನೆಯ ರೇಟ್ ಅಲ್ಲ) ಆಗಿದ್ದರೂ, ಸಾಮಾನು ಇಳಿಸುವ ದಿನ ಅದರ ಶೇ. 110ಕ್ಕಿಂತ ಜಾಸ್ತಿ ಕೇಳುವ ಹಾಗಿಲ್ಲ. ಉಳಿದ ಬಾಕಿಗೆ 30 ದಿನ ಕಾಯಬೇಕು. ಮಧ್ಯೆ ನೀವೇ ಸೇರಿಸಿದ ಕೆಲಸದ ದುಡ್ಡು ಬೇರೆ.

ಪುಸ್ತಕ ಜಾಸ್ತಿ ಇದ್ದರೆ ಲಾರಿಗೆ ಹಾಕಬೇಡಿ, ತೂಕ ಏರುತ್ತದೆ. ಅಂಚೆಯ ಮೀಡಿಯಾ ಮೇಲ್‌ನಲ್ಲಿ ಅಗ್ಗಕ್ಕೆ ಹೋಗುತ್ತವೆ, ಬಾಕ್ಸಿಗೆ 70 ಪೌಂಡ್ ತನಕ. ಆ ರೇಟ್ ಪುಸ್ತಕದಂಥವಕ್ಕೆ ಮಾತ್ರ. ಸಂದಿಯಲ್ಲಿ ಬಟ್ಟೆ ತುರುಕಬೇಡಿ, ಬಿಚ್ಚಿ ನೋಡುವ ಹಕ್ಕು ಅಂಚೆಯವರಿಗಿದೆ.

ಸಾಮಾನು ಬಂದ ಮೇಲೆ ಕ್ಲೇಮ್ ಹಾಕಲು 9 ತಿಂಗಳು ಸಮಯವಿದೆ. ಆದರೂ ಕೊನೆಯ ಸಹಿಗೆ ಮುಂಚೆ ಒಡೆದದ್ದನ್ನೆಲ್ಲ ಅವರ ಪಟ್ಟಿಯಲ್ಲೇ ಬರೆಸಿ. ಲಾರಿಯವನು ಅವಸರ ಮಾಡುತ್ತಾನೆ. ಮಾಡಲಿ, ಕಾಯಲಿ.