ಪುಣೆ-ಮುಂಬೈಯಿಂದ ಕ್ಯಾಂಪಿಂಗ್ ಹೋಗೋರಿಗೆ: ಯಾರ ಜೊತೆ, ಯಾವ ತಿಂಗಳು, ಎಂಥ ಕ್ಯಾಂಪು

ಪುಣೆಗೆ ಕೆಲಸಕ್ಕೆ ಬಂದಿರೋ ನಮ್ಮ ಕಡೆ ಹುಡುಗ್ರು ಹುಡುಗೀರು ಶುಕ್ರವಾರ ಬಂತು ಅಂದ್ರೆ ಕೇಳೋದು ಒಂದೇ, ಕ್ಯಾಂಪಿಂಗ್‌ಗೆ ಎಲ್ಲಿಗೆ ಹೋಗೋಣ ಅಂತ. ಜಾಗದ ಹೆಸರು ಹೇಳೋಕೆ ಮುಂಚೆ ನಾನು ಕೇಳೋದು ಎರಡೇ, ಯಾರ್ಯಾರು ಬರ್ತಿದ್ದೀರಿ, ಯಾವ ತಿಂಗಳು ಹೋಗ್ತೀರಿ. ಸಹ್ಯಾದ್ರಿಲಿ ಒಂದೇ ಗುಡ್ಡ ಜನವರಿಲಿ ಸ್ವರ್ಗದ ಥರ ಇರುತ್ತೆ, ಏಪ್ರಿಲಲ್ಲಿ ಕಾದ ಹೆಂಚು, ಜುಲೈಲಿ ಕಾಲಿಟ್ಟಲ್ಲೆಲ್ಲ ಜಾರುತ್ತೆ. ಫೋಟೋ ನೋಡಿ ಬುಕ್ ಮಾಡಿದ್ರೆ ಇದ್ಯಾವುದೂ ಗೊತ್ತಾಗಲ್ಲ.

ಮೊದಲ್ನೇ ಸಲ ಹೋಗೋರು, ಆಫೀಸ್ ಗ್ಯಾಂಗು, ಇವರಿಗೆಲ್ಲ ಲೋನಾವಳಾ ಹತ್ರದ ಪಾವನಾ ಕೆರೆ ದಡದ ಟೆಂಟೇ ಸಾಕು, ಅದನ್ನ ಕೆರೆ ಅಂದ್ರೂ ನಿಜಕ್ಕೂ ಅದು ಡ್ಯಾಮಿನ ಹಿನ್ನೀರು, ಸುತ್ತ ಲೋಹಗಡ, ವಿಸಾಪುರ, ತಿಕೋನಾ, ತುಂಗ್ ಕೋಟೆಗಳು ಕಾಣ್ಸುತ್ತೆ. ಕಾರ್ ಟೆಂಟ್ ಹತ್ರಾನೇ ಹೋಗುತ್ತೆ, ಅವರೇ ಟೆಂಟ್ ಹಾಕಿರ್ತಾರೆ, ಸಂಜೆ ಚಹಾ ಭಜಿ, ರಾತ್ರಿ ಊಟ, ಬೆಳಿಗ್ಗೆ ಪೋಹೆ ಎಲ್ಲ ಸೇರಿ ತಲೆಗಿಷ್ಟು ಅಂತ ರೇಟು. ಬುಕ್ ಮಾಡೋಕೆ ಮುಂಚೆ ಫೋನಲ್ಲಿ ನೇರವಾಗಿ ಕೇಳಿ: ಎಷ್ಟು ಜನಕ್ಕೆ ಒಂದು ಟಾಯ್ಲೆಟ್, ಹೆಂಗಸರಿಗೆ ಬೇರೆ ಇದೆಯಾ, ರಾತ್ರಿ ಎಷ್ಟೊತ್ತಿಗೆ ಸ್ಪೀಕರ್ ಬಂದ್ ಮಾಡ್ತೀರಿ. ಮೂರನೇ ಪ್ರಶ್ನೆ ಬಹಳ ಮುಖ್ಯ, ಶನಿವಾರ ರಾತ್ರಿ ಅಲ್ಲಿ ಅಕ್ಕಪಕ್ಕದ ಕ್ಯಾಂಪ್‌ಗಳೆಲ್ಲ ಸೇರಿ ಹಾಡು ಹಾಕಿಬಿಟ್ರೆ ಮಕ್ಕಳನ್ನ ಮಲಗ್ಸೋದು ಸಾಧ್ಯಾನೇ ಇಲ್ಲ. ಆಗೋದಾದ್ರೆ ವಾರದ ನಡುವೆ ಹೋಗಿ. ಮತ್ತೆ ನೀರಿಗೆ ಇಳೀಬೇಡಿ ದಯವಿಟ್ಟು. ದಡದಲ್ಲಿ ನೀರು ಶಾಂತವಾಗಿ ಕಾಣುತ್ತೆ, ಆದ್ರೆ ಹಿನ್ನೀರಲ್ಲಿ ಎರಡು ಹೆಜ್ಜೆ ಆಚೆ ತಳ ಎಷ್ಟು ಆಳ ಇದೆ ಅಂತ ಮೇಲಿಂದ ತಿಳಿಯಲ್ಲ, ಕೆಳಗೆ ಕೆಸರು ಬೇರೆ, ಈಜು ಬರೋರೇ ಮುಳುಗಿದಾರೆ ಅಲ್ಲಿ.

ಊರಿಂದ ಅಪ್ಪ ಅಮ್ಮ ಬಂದಿದ್ರೆ, ಅಥವಾ ಮನೇಲಿ ಚಿಕ್ಕ ಮಕ್ಕಳಿದ್ರೆ, ಟೆಂಟ್ ಯೋಚನೆ ಬಿಟ್ಟು ಹಳ್ಳಿ ಮನೇಲಿ ಉಳಿಯೋ ಥರದ್ದು ನೋಡಿ. ನನಗಂತೂ ಎಲ್ಲಾದಕ್ಕಿಂತ ಇಷ್ಟ ಇದೇ. ಡಿಸೆಂಬರಿಂದ ಫೆಬ್ರವರಿವರೆಗೆ ಪುಣೆ ಸುತ್ತಮುತ್ತ ಹೊಲಗಳಲ್ಲಿ ಹುರ್ಡಾ ಪಾರ್ಟಿ ಇರುತ್ತೆ, ನಮ್ಮ ಸೀತನಿ ಇದೆಯಲ್ಲ ಅದೇ, ಎಳೇ ಜೋಳದ ತೆನೆ ಕೆಂಡದಲ್ಲಿ ಸುಟ್ಟು ಕೈಯಲ್ಲೇ ತಿಕ್ಕಿ ಕಾಳು ಉದುರಿಸಿ ಶೇಂಗಾ ಚಟ್ನಿ ಬೆಲ್ಲದ ಜೊತೆ ಕೊಡ್ತಾರೆ, ವಿಜಯಪುರ ಕಲಬುರಗಿ ಕಡೆಯ ಹಿರಿಯರನ್ನ ಅಲ್ಲಿಗೆ ಕರ್ಕೊಂಡು ಹೋದ್ರೆ ಅವರು ಹೊಲದವರ ಜೊತೆನೇ ಮಾತಿಗೆ ಕೂತುಬಿಡ್ತಾರೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಆದ್ರೆ ರತ್ನಾಗಿರಿ ಜಿಲ್ಲೆ ವೇಳಾಸ್. ಅದೊಂದು ಪುಟ್ಟ ಕಡಲೂರು, ಆಲಿವ್ ರಿಡ್ಲಿ ಆಮೆ ಮರಿಗಳನ್ನ ಬೆಳಿಗ್ಗೆ ಸಂಜೆ ಸಮುದ್ರಕ್ಕೆ ಬಿಡ್ತಾರೆ, ಊರಿನ ಮನೆಗಳಲ್ಲೇ ಉಳ್ಕೊಳ್ಳೋದು, ಅವರು ಮಾಡಿದ್ದನ್ನೇ ಊಟ ಮಾಡೋದು. ಹರಿಹರೇಶ್ವರದ ಕಡೆಯಿಂದ ಬರೋರು ಬಾಗಮಾಂಡ್ಲಾದಲ್ಲಿ ಕಾರನ್ನೂ ಹತ್ತಿಸ್ಕೊಳ್ಳೋ ಬೋಟಲ್ಲಿ ಖಾಡಿ (ಸಮುದ್ರ ಒಳಗೆ ಚಾಚಿರೋ ನೀರು) ದಾಟಿ ವೇಶ್ವಿಗೆ ಇಳೀಬಹುದು, ಮಕ್ಕಳಿಗೆ ಅದೇ ಒಂದು ಸಂಭ್ರಮ. ಮರಿ ಯಾವತ್ತು ಹೊರಗೆ ಬರುತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ, ಹಾಗಾಗಿ ಒಂದು ಸಂಜೆ ಒಂದು ಬೆಳಿಗ್ಗೆ ಎರಡೂ ಸಿಗೋ ಹಾಗೆ ಪ್ಲಾನ್ ಮಾಡಿ, ಹೋಗೋಕೆ ಮುಂಚೆ ನೀವು ಉಳಿಯೋ ಮನೆಯವರಿಗೆ ಫೋನ್ ಮಾಡಿ ಆಮೆ ಮೊಟ್ಟೆ ಗೂಡುಗಳ ಸ್ಥಿತಿ ಕೇಳಿ. ಮರಿ ಬಿಡೋವಾಗ ಹಗ್ಗ ಕಟ್ಟಿರ್ತಾರೆ, ಅದರಾಚೆ ಕಾಲಿಡೋ ಹಾಗಿಲ್ಲ, ಮುಟ್ಟೋ ಹಾಗಿಲ್ಲ.

ಇನ್ನು ಕಾಲಲ್ಲಿ ಶಕ್ತಿ ಇರೋರಿಗೆ ಗುಡ್ಡ ಹತ್ತಿ ಮೇಲೆ ಮಲಗೋದು. ರಾಜಮಾಚಿಯಿಂದ ಶುರು ಮಾಡಿ ಅಂತೀನಿ, ಶ್ರೀವರ್ಧನ್ ಮನರಂಜನ್ ಅಂತ ಎರಡು ಕೋಟೆ, ನಡುವೆ ಉಧೇವಾಡಿ ಅನ್ನೋ ಹಳ್ಳಿ, ಹಳ್ಳಿ ಮನೇಲಿ ಊಟ ಸಿಗುತ್ತೆ, ಅಂಗಳದಲ್ಲಿ ಟೆಂಟ್ ಹಾಕೋಕೆ ಜಾಗಾನೂ ಕೊಡ್ತಾರೆ. ಪುಣೆಯವರಿಗೆ ಲೋನಾವಳಾ ಲೋಕಲ್ ರೈಲು ಇದೆ, ಅಲ್ಲಿಂದ ನಡಿಗೆ ಉದ್ದ ಆದ್ರೂ ಕಡಿದಾಗಿಲ್ಲ. ಕರ್ಜತ್ ಕಡೆಯಿಂದ ಬರೋ ದಾರಿ ಏರು ಜಾಸ್ತಿ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ, ಅಂದ್ರೆ ಮಳೆ ಗಟ್ಟಿಯಾಗಿ ಹಿಡಿಯೋಕೆ ಮುಂಚೆ, ಅಲ್ಲೂ ಭಂಡಾರದರಾ ಅನ್ನೋ ಡ್ಯಾಮಿನ ಊರ ಕಡೆನೂ ಮರಗಳ ತುಂಬ ಮಿಂಚುಹುಳ. ಆ ಬೆಳಕು ಜೋಡಿ ಹುಡುಕ್ಕೊಳ್ಳೋಕೆ ಅವು ಕೊಡೋ ಸಂಕೇತ, ನೀವು ಟಾರ್ಚು ಕಾರಿನ ಹೆಡ್‌ಲೈಟು ಹಾಕಿದ್ರೆ ಅದು ಕೆಡುತ್ತೆ, ಮರದ ಕೆಳಗಿನ ಹುಲ್ಲು ತುಳಿದ್ರೆ ಅಲ್ಲಿರೋ ಹುಳಗಳೇ ಸಾಯ್ತವೆ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ, ನೆಲಕ್ಕೆ ಹಿಡ್ಕೊಂಡು ದಾರಿ ಮೇಲೇ ನಿಂತು ನೋಡಿ.

ಅದಾದ್ಮೇಲೆ ಹರಿಶ್ಚಂದ್ರಗಡ. ಎತ್ತರ 1424 ಮೀಟರ್, ಕೊಂಕಣ ಕಡಾ ಅನ್ನೋ ಆ ಬಂಡೆಯ ಅಂಚು ನೋಡಿದ್ರೆ ಮಾತೇ ಹೊರಡಲ್ಲ. ಪಾಚ್ನಯಿ ಊರಿನ ದಾರಿ ಸುಲಭ, ಖಿರೇಶ್ವರದ್ದು ಉದ್ದ, ನಳಿಚಿ ವಾಟ್ ಅನ್ನೋ ಕಡಿದಾದ ಕೊರಕಲು ದಾರಿ ಅನುಭವ ಇರೋರಿಗೆ ಮಾತ್ರ, ಗೊತ್ತಿರೋ ಗೈಡ್ ಇಲ್ದೆ ಅದಕ್ಕೆ ಕೈ ಹಾಕ್ಬೇಡಿ. ಮೇಲೆ ಊರಿನವರೇ ಬಾಡಿಗೆ ಟೆಂಟ್, ಪಿಠ್ಲ ಭಾಕ್ರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಕೊಡ್ತಾರೆ, ಹಾಗಾಗಿ ಬೆನ್ನ ಮೇಲೆ ಎಲ್ಲ ಹೊರೋ ಅಗತ್ಯ ಇಲ್ಲ. ಅಂಚಿನ ಹತ್ರ ಟೆಂಟ್ ಬೇಡ, ರಾತ್ರಿ ಎದ್ದು ಹೊರಗೆ ಹೋಗೋವಾಗ ಕತ್ತಲಲ್ಲಿ ಅಂಚು ಎಲ್ಲಿದೆ ಅಂತ ಗೊತ್ತಾಗಲ್ಲ, ಗಾಳಿನೂ ಭಯಂಕರ. ಕಳಸೂಬಾಯಿ 1646 ಮೀಟರ್, ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ, ಬಾರಿ ಊರಿಂದ ಹತ್ತೋದು, ಕಡಿದಾದ ಕಡೆ ಕಬ್ಬಿಣದ ಏಣಿ ಇದೆ, ಅದನ್ನ ಮಾತ್ರ ನಾನು ಬೆಳಗಿನ ಜಾವ ಹತ್ತಿ ಇಳಿಯೋಕೆ ಇಟ್ಕೊಳ್ತೀನಿ, ಮಲಗೋದು ಕೆಳಗೆ ಹಳ್ಳೀಲಿ. ಕೆಲವು ಸಂರಕ್ಷಿತ ಕೋಟೆಗಳ ಮೇಲೆ ರಾತ್ರಿ ಉಳಿಯೋಕೆ ಬಿಡಲ್ಲ, ಅಭಯಾರಣ್ಯದ ಒಳಗೆ ಬೆಂಕಿ ಹಾಕೋ ಹಾಗಿಲ್ಲ, ಹೊರಡೋ ಮುಂಚೆ ಬುಡದ ಊರಲ್ಲಿ ವಿಚಾರಿಸಿ. ಜೇನಿನ ಬಗ್ಗೆನೂ ಹುಷಾರು, ಈ ಬಂಡೆಗಳಲ್ಲಿ ದೊಡ್ಡ ದೊಡ್ಡ ಜೇನುಗೂಡು ಇರ್ತವೆ, ಘಾಟು ಸೆಂಟ್ ಹೊಡ್ಕೊಂಡು ಹೋಗೋದು, ಹೊಗೆ ಹಾಕೋದು, ಕೂಗಾಡೋದು ಬೇಡ.

ಸಾಹಸ ಬೇಕು, ಆದ್ರೆ ರಾತ್ರಿ ಹಾಸಿಗೇಲೇ ಮಲಗ್ಬೇಕು ಅನ್ನೋರಿಗೆ ರಾಯಗಡ ಜಿಲ್ಲೆ ಕೋಲಾಡ್. ಕುಂಡಲಿಕಾ ನದೀಲಿ ರಾಫ್ಟಿಂಗ್ (ರಬ್ಬರ್ ದೋಣೀಲಿ ಹರಿಯೋ ನೀರಲ್ಲಿ ಸಾಗೋದು) ಮಳೆಗಾಲ ಬಿಟ್ಟು ಬೇರೆ ತಿಂಗಳಲ್ಲೂ ನಡೆಯುತ್ತೆ, ಕಾರಣ ಏನಂದ್ರೆ ಘಟ್ಟದ ಮೇಲಿರೋ ಮುಳಶಿ ಡ್ಯಾಮಿನ ನೀರು ಭಿರಾದ ವಿದ್ಯುತ್ ಕೇಂದ್ರಕ್ಕೆ ಇಳಿದು ಕರೆಂಟ್ ಮಾಡಿದ್ಮೇಲೆ ಈ ನದಿಗೆ ಬರುತ್ತೆ. ಆ ನೀರು ಬರೋದು ಬೆಳಿಗ್ಗೆ, ತಡವಾಗಿ ಹೋದ್ರೆ ಆ ದಿನದ್ದು ಮುಗ್ದೋಯ್ತು, ಅದಕ್ಕೆ ಹಿಂದಿನ ರಾತ್ರೀನೇ ಅಲ್ಲಿ ತಲುಪಿ. ಲೋನಾವಳಾ ಹತ್ರದ ಕಾಮಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಸೀಸನ್ ಅಕ್ಟೋಬರಿಂದ ಮೇ, ಗಾಳಿ ಸರಿ ಇಲ್ಲ ಅಂತ ಪೈಲಟ್ ಬೇಡ ಅಂದ್ರೆ ವಾದ ಮಾಡದೆ ವಾಪಸ್ ಬನ್ನಿ. ಭಂಡಾರದರಾ ಹತ್ರದ ಸಾಂಧಣ ಕಣಿವೆ ಇನ್ನೊಂದು, ಎರಡು ಕಡೆ ಗೋಡೆ ಥರ ಎದ್ದಿರೋ ಬಂಡೆಗಳ ನಡುವಿನ ಸಂದೀಲಿ ನಡ್ಕೊಂಡು, ಹಗ್ಗ ಹಿಡಿದು ಇಳಿಯೋದು, ಡಿಸೆಂಬರ್ ಜನವರಿ ಒಳ್ಳೇದು, ಮಳೆಗಾಲದಲ್ಲಿ ಮಾತ್ರ ಬೇಡ್ವೇ ಬೇಡ, ಮೇಲೆಲ್ಲೋ ಸುರಿದ ಮಳೆ ಆ ಸಂದೀಲಿ ಒಮ್ಮೆಗೇ ನುಗ್ಗಿದ್ರೆ ಓಡೋಕೆ ದಾರಿನೇ ಇರಲ್ಲ.

ಗೋವಾದ ಬಗ್ಗೆ ಸ್ವಲ್ಪನೇ ಹೇಳ್ತೀನಿ. ಮಳೆಗಾಲದಲ್ಲಿ ವಾಳಪೈ ಕಡೆ ಮಾದೇಯಿ ನದೀಲಿ ರಾಫ್ಟಿಂಗ್ ಇದೆ, ನಮ್ಮ ಮಹದಾಯಿನೇ ಅದು. ಚಳಿಗಾಲದಲ್ಲಿ ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರ ಗೋವಾ ಟ್ರೆಕ್ ಇರುತ್ತೆ, ಟೆಂಟಲ್ಲಿ ಮಲಗಿ ದಿನಾ ನಡೆಯೋದು, ಒಬ್ಬರೇ ಹೋಗೋರಿಗೂ ಗುಂಪು ಸಿಗುತ್ತೆ, ಖರ್ಚೂ ಕಮ್ಮಿ. ಬೀಚ್ ಮೇಲೆ ನೀವಾಗೇ ಟೆಂಟ್ ಹಾಕಿ ಒಲೆ ಹಚ್ಚೋಕೆ ಹೋಗ್ಬೇಡಿ, ಬಯಲಲ್ಲಿ ಅಡುಗೆ ಮಾಡಿದ್ರೆ ದಂಡ ಇದೆ.

ಸ್ವಂತ ಟೆಂಟ್ ತಗೊಳ್ಳೋರಿಗೆ. ಮೂರು ಜನದ್ದು ಅಂತ ಬರೆದಿದ್ರೆ ಇಬ್ಬರು ಮತ್ತೆ ಅವರ ಬ್ಯಾಗು ಅಂತ ತಿಳ್ಕೊಳ್ಳಿ. ಸ್ವಲ್ಪ ಎತ್ತರದ ಸಮ ಜಾಗ ಹುಡುಕಿ, ನೀರು ಹರಿದು ಹೋಗಿರೋ ಗುರುತಿರೋ ಕಡೆ, ಒಣಗಿದ ಮರದ ಕೆಳಗೆ ಹಾಕ್ಬೇಡಿ. ಟೆಂಟ್ ಕೆಳಗೆ ಹಾಸೋ ಶೀಟು ಟೆಂಟಿಗಿಂತ ಆಚೆ ಚಾಚಿದ್ರೆ ಮಳೆ ನೀರೆಲ್ಲ ಅದರ ಮೇಲೆ ನಿಂತು ಒಳಗೆ ಬರುತ್ತೆ, ಅಂಚು ಒಳಗೆ ಮಡಚಿ. ಗಾಳಿ ಕಿಂಡಿ ಚಳಿ ಅಂತ ಪೂರ್ತಿ ಮುಚ್ಚಿದ್ರೆ ನಮ್ಮ ಉಸಿರೇ ನೀರಾಗಿ ಬೆಳಿಗ್ಗೆ ಟೆಂಟ್ ಬಟ್ಟೆಯಿಂದ ತೊಟ್ಟಿಕ್ಕುತ್ತೆ. ಡಿಸೆಂಬರ್ ಜನವರಿಲಿ ಭಂಡಾರದರಾ ಕಡೆ ರಾತ್ರಿ 10 ಡಿಗ್ರಿ ಹತ್ರ ಇಳಿಯುತ್ತೆ, ಆ ಚಳಿ ಹೆಚ್ಚಾಗಿ ನೆಲದಿಂದ ಬರೋದು, ಹಾಗಾಗಿ ದುಬಾರಿ ಸ್ಲೀಪಿಂಗ್ ಬ್ಯಾಗಿಗೆ ದುಡ್ಡು ಹಾಕೋ ಮುಂಚೆ ಒಳ್ಳೇ ಮ್ಯಾಟ್ ತಗೊಳ್ಳಿ.

ಚಳಿಗೆ ಟೆಂಟ್ ಒಳಗೆ ಕೆಂಡದ ಬುಟ್ಟಿ, ಗ್ಯಾಸ್ ಸ್ಟವ್, ಏನೂ ಇಟ್ಕೊಳ್ಬೇಡಿ, ಇದನ್ನ ಮಾತ್ರ ಎಷ್ಟು ಸಲ ಹೇಳಿದ್ರೂ ಸಾಲಲ್ಲ. ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಮಲಗಿದೋರು ಏಳೋದೇ ಇಲ್ಲ. ಗ್ಯಾಸ್ ಕ್ಯಾನು, ಸೀಮೆಎಣ್ಣೆ ರೈಲಲ್ಲಿ ತರೋ ಹಾಗೂ ಇಲ್ಲ, ಹುಬ್ಬಳ್ಳಿ ಬೆಂಗಳೂರಿಂದ ಬರೋ ಫ್ರೆಂಡ್ಸಿಗೆ ಮೊದಲೇ ಹೇಳಿಬಿಡಿ, ಇಲ್ಲೇ ತಗೊಳ್ಳೋಣ ಅಂತ.

ಬ್ಯಾಗಲ್ಲಿ ಹೆಡ್‌ಟಾರ್ಚು, ತಲೆಗೆ ಮೂರು ಲೀಟರ್ ನೀರು (ಮಾರ್ಚ್ ಆದ್ಮೇಲೆ ಗುಡ್ಡದ ಮೇಲಿನ ಟಾಕೆಗಳಲ್ಲಿ, ಅಂದ್ರೆ ಬಂಡೇಲಿ ಕೊರೆದ ನೀರಿನ ತೊಟ್ಟಿಗಳಲ್ಲಿ, ನೀರು ನಂಬೋ ಹಾಗಿಲ್ಲ), ಓಆರ್‌ಎಸ್, ಕಸಕ್ಕೆ ಒಂದು ಖಾಲಿ ಚೀಲ. ಬೆಳಿಗ್ಗೆ ಶೂ ಕೊಡವಿ ಹಾಕ್ಕೊಳ್ಳಿ, ಚೇಳು ಸೇರ್ಕೊಂಡಿರುತ್ತೆ. ಹಾವು ಕಚ್ಚಿದ್ರೆ ಕುಯ್ಯೋದು, ಬಿಗಿಯಾಗಿ ಕಟ್ಟೋದು, ಚೀಪೋದು ಮಾಡ್ದೆ, ಕಚ್ಚಿದ ಕೈಕಾಲು ಅಲ್ಲಾಡ್ಸದೆ ಹೊತ್ಕೊಂಡು ಆಸ್ಪತ್ರೆಗೆ ಹೊರಡಿ, ಆಂಬುಲೆನ್ಸಿಗೆ 108, ಉಳಿದ ಯಾವ ತುರ್ತಿಗೂ 112. ಗುಡ್ಡದ ಮೇಲೆ ನೆಟ್‌ವರ್ಕ್ ಹೋಗುತ್ತೆ, ಅದಕ್ಕೆ ಬುಡದ ಊರಲ್ಲಿ ಊಟ ಕೊಟ್ಟ ಮನೆಯವರ ನಂಬರು ತಗೊಂಡು, ಎಷ್ಟು ಜನ ಹತ್ತಿದೀವಿ, ನಾಳೆ ಎಷ್ಟೊತ್ತಿಗೆ ಇಳೀತೀವಿ ಅಂತ ಅವರಿಗೆ ಹೇಳೇ ಹೋಗಿ.